ಒಗ್ಗದ ಆಹಾರ ಮತ್ತು ಮೊಡವೆ: ಬಿಟ್ಟು, ಮತ್ತೆ ತಿಂದು ಪತ್ತೆ ಹಚ್ಚಿದ ನನ್ನ ಅನುಭವ

ನನ್ನ ಮುಖದ ಮಟ್ಟಿಗೆ ವಿಷಯ ಇತ್ಯರ್ಥವಾಗಿದೆ. ಮೊಡವೆ ಎಬ್ಬಿಸುತ್ತಿದ್ದುದು ವೇ ಪ್ರೋಟೀನ್ ಪುಡಿ, ಅಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನ್. ಅದರ ಹಿಂದೆ, ಸ್ವಲ್ಪ ನಿಧಾನವಾಗಿ, ಕೆನೆ ತೆಗೆದ ಹಾಲು. ಗೋಧಿಗೂ ಮೊಟ್ಟೆಗೂ ಇದರಲ್ಲಿ ಪಾತ್ರವಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ನನ್ನ ಹೊಟ್ಟೆಗೆ ಒಗ್ಗುವುದಿಲ್ಲ ನಿಜ, ಆದರೆ ಮುಖದ ತಂಟೆಗೆ ಅದು ಬಂದಿಲ್ಲ. ಊಟಕ್ಕೂ ಮೊಡವೆಗೂ ಎತ್ತಣ ಸಂಬಂಧ ಎಂದು ನಕ್ಕವರಿಗೆ ತೋರಿಸಲು ಈಗ ಎಣಿಕೆಯ ಪಟ್ಟಿ ಇದೆ, ಒಂದೇ ಬೆಳಕಿನಲ್ಲಿ ತೆಗೆದ ಫೋಟೋಗಳಿವೆ. ಬಿಟ್ಟಾಗ ಇಳಿಯಿತು, ತಿಂದಾಗ ಏರಿತು, ಮತ್ತೆ ಬಿಟ್ಟಾಗ ಮತ್ತೆ ಇಳಿಯಿತು. ಮೊದಲನೆಯದನ್ನು ಮಾತ್ರ ನೋಡಿ ಗೆದ್ದೆವೆಂದು ಬೀಗುವವರೇ ಹೆಚ್ಚು. ಮಿಕ್ಕ ಎರಡಿಲ್ಲದೆ ಅದಕ್ಕೆ ಬೆಲೆಯಿಲ್ಲ.

ನಕ್ಕವರ ಕೈಯಲ್ಲಿ ಹಳೆಯ ಆಧಾರವೊಂದಿದೆ: 1969ರ ಚಾಕೊಲೇಟ್ ಪ್ರಯೋಗ. 65 ಜನರಿಗೆ ಚಾಕೊಲೇಟ್ ಬಾರ್ ಒಮ್ಮೆ, ಚಾಕೊಲೇಟ್ ಇಲ್ಲದ ಬಾರ್ ಒಮ್ಮೆ ತಿನ್ನಿಸಿದರು, ವ್ಯತ್ಯಾಸ ಕಾಣಲಿಲ್ಲ. ಆದರೆ ಎರಡನೆಯ ಬಾರಿನಲ್ಲೂ ಸಕ್ಕರೆ, ಕೊಬ್ಬು ಹೆಚ್ಚೂಕಡಿಮೆ ಅಷ್ಟೇ ಇತ್ತು. ತಿನ್ನಿಸಿದ್ದು ಒಂದೊಂದನ್ನೂ ನಾಲ್ಕು ವಾರ. ಅದರಿಂದ ಕೋಕೋ ಬಗ್ಗೆ ಏನೋ ಒಂದಿಷ್ಟು ತಿಳಿಯಬಹುದು, ಊಟದ ಬಗ್ಗೆ ಏನೂ ತಿಳಿಯದು. 2007ರಲ್ಲಿ ಮೆಲ್ಬರ್ನಿನಲ್ಲಿ 15ರಿಂದ 25 ವಯಸ್ಸಿನ 43 ಹುಡುಗರ ಮೇಲೆ ನಡೆದ 12 ವಾರಗಳ ಪ್ರಯೋಗ ನನಗೆ ಹೆಚ್ಚು ಪಾಠ ಹೇಳಿತು. ಗ್ಲೈಸಿಮಿಕ್ ಹೊರೆ ಕಡಿಮೆ ಇರುವ, ಅಂದರೆ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸದ, ಊಟ ಮಾಡಿದವರಲ್ಲಿ ಸರಾಸರಿ ಇಪ್ಪತ್ತಮೂರಕ್ಕೂ ಹೆಚ್ಚು ಗುಳ್ಳೆ ಕಡಿಮೆಯಾದವು. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ಆ ಪಥ್ಯವಿಲ್ಲದೆ ಪಿಷ್ಟ ಹೆಚ್ಚಿರುವ ಊಟ ಮಾಡಿದವರಲ್ಲೂ ಹನ್ನೆರಡು ಕಡಿಮೆಯಾದವು, ಅದನ್ನು ಯಾರೂ ಹೇಳುವುದಿಲ್ಲ. ಅಂದರೆ ಇಳಿಕೆಯ ಅರ್ಧದಷ್ಟು ಪಥ್ಯವಿಲ್ಲದೆಯೂ ಸಿಗುತ್ತದೆ. ಮೊಡವೆ ವಿಪರೀತವಾದಾಗಲೇ ಜನ ಪಥ್ಯ ಶುರು ಮಾಡುವುದು. ಆಮೇಲೆ ಅದು ತಾನಾಗಿಯೇ ಸ್ವಲ್ಪ ಇಳಿಯುತ್ತದೆ, ಹೆಸರು ಪಥ್ಯಕ್ಕೆ ಬರುತ್ತದೆ.

ಅಮೆರಿಕದ ಚರ್ಮರೋಗ ಅಕಾಡೆಮಿ 2024ರ ಮಾರ್ಗಸೂಚಿಯಲ್ಲೂ ಪಥ್ಯ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲವೆಂದೇ ಹೇಳಿದೆ. ಅದರಲ್ಲಿ ನನಗೆ ತಕರಾರಿಲ್ಲ. ಎಲ್ಲರಿಗೂ ಬರೆದುಕೊಡುವ ಮಾತು ಬೇರೆ, ಒಂದು ಮುಖದ ಮೇಲೆ ಪರೀಕ್ಷಿಸಿ ನೋಡುವುದು ಬೇರೆ.

ಇನ್ನು ದುಡ್ಡಿನ ವಿಷಯ. ಅತಿ ಹೆಚ್ಚು ಹಣ ದಂಡವಾಗುವುದು ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯ ನೋಡಿ ನೂರಾರು ಆಹಾರಗಳಿಗೆ ಕೆಂಪು, ಹಳದಿ, ಹಸಿರು ಗುರುತು ಹಾಕಿಕೊಡುವ ಪರೀಕ್ಷೆಗೆ. ಆ ಒಂದು ವರದಿಯ ಖರ್ಚಿನಲ್ಲಿ ತಿಂಗಳುಗಟ್ಟಲೆ ಕ್ರೀಮು ಬರುತ್ತದೆ, ಚರ್ಮವೈದ್ಯರ ಹಲವು ಭೇಟಿಗಳೂ ಆಗುತ್ತವೆ. ಐಜಿಜಿ ಹೇಳುವುದು ನೀವು ಏನನ್ನು ತಿನ್ನುತ್ತಿದ್ದೀರಿ ಎಂಬುದನ್ನು ಮಾತ್ರ. ದಿನವೂ ತಿನ್ನುವ ಪದಾರ್ಥವೇ ಕೆಂಪಗೆ ಬರುತ್ತದೆ. ಅಸಹಿಷ್ಣುತೆ ಪತ್ತೆಗೆ ಈ ಪರೀಕ್ಷೆ ಬಳಸಬಾರದೆಂದು ಯುರೋಪಿನ ಅಲರ್ಜಿ ಅಕಾಡೆಮಿಯ ಕಾರ್ಯಪಡೆ 2008ರಲ್ಲೇ ಬರೆದಿದೆ. ಕೂದಲಿನ ಪರೀಕ್ಷೆ, ಸ್ನಾಯುಬಲದ ಪರೀಕ್ಷೆ ಅದಕ್ಕಿಂತ ಕಡೆ. ಇವುಗಳ ವರದಿ ಹಿಡಿದುಕೊಂಡು ಒಟ್ಟಿಗೆ ಹದಿನೈದು ಇಪ್ಪತ್ತು ಪದಾರ್ಥ ಬಿಟ್ಟವರಿಗೆ ಮುಖ ಸ್ವಲ್ಪ ತಿಳಿಯಾದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಮೈ ಇಳಿಯುತ್ತದೆ, ಊಟವೆಂದರೆ ಭಯ ಹುಟ್ಟುತ್ತದೆ, ಮೂರು ತಿಂಗಳಿಗೆ ಎಲ್ಲವೂ ಮೊದಲಿನಂತೆ.

ಮೊಡವೆಯೇ ಹೌದೋ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಬ್ಲಾಕ್‌ಹೆಡ್, ವೈಟ್‌ಹೆಡ್ ಒಂದೂ ಇಲ್ಲದೆ ಕೆನ್ನೆ ಮೂಗು ಕೆಂಪಾಗಿ, ಬಿಸಿ ಪಾನೀಯ, ಖಾರ, ಮದ್ಯಕ್ಕೆ ಉರಿಯುತ್ತಿದ್ದರೆ ಅದು ರೊಸೇಶಿಯಾ ಎಂಬ ಬೇರೆ ಚರ್ಮರೋಗ ಇರಬಹುದು. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ತುರಿಸುವ ಗುಳ್ಳೆಗಳೆದ್ದು ಆಂಟಿಬಯಾಟಿಕ್ ತೆಗೆದುಕೊಂಡಾಗ ಹೆಚ್ಚಿದರೆ ಮ್ಯಾಲಸೀಜಿಯಾ ಎಂಬ ಶಿಲೀಂಧ್ರದ ಕಡೆ ನೋಡಬೇಕು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಒಗ್ಗದವರಲ್ಲಿ ಬರುವ ಚರ್ಮರೋಗವೊಂದಿದೆ, ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್. ಅದು ಮೊಣಕೈ, ಮೊಣಕಾಲು, ಪೃಷ್ಠದ ಮೇಲೆ ತೀವ್ರ ತುರಿಕೆಯೊಂದಿಗೆ ಬರುತ್ತದೆ, ಅದಕ್ಕೂ ಮೊಡವೆಗೂ ನಂಟಿಲ್ಲ. ಹೆಚ್ಚಿನ ಪ್ರಮಾಣದ ಬಿ12, ಸ್ಟೀರಾಯ್ಡ್, ಲಿಥಿಯಂ, ಐಸೋನಿಯಾಜಿಡ್‌ನಂಥ ಔಷಧಗಳೂ ಗುಳ್ಳೆ ಎಬ್ಬಿಸುತ್ತವೆ. ವ್ಯಾಯಾಮದವರು ವೇ ಪುಡಿಯ ಜೊತೆ ವಿಟಮಿನ್ ಗುಳಿಗೆಯನ್ನೂ ನುಂಗುತ್ತಾರಲ್ಲ, ಅಲ್ಲಿ ಬಿ12 ಎಷ್ಟಿದೆ ನೋಡದೆ ಪುಡಿಯನ್ನು ದೂರಬೇಡಿ.

ಈಗ ಲ್ಯಾಕ್ಟೋಸ್. ಹಾಲು ಕುಡಿದರೆ ಹೊಟ್ಟೆಯುಬ್ಬರ, ಮುಖದಲ್ಲಿ ಮೊಡವೆ. ಎರಡೂ ಒಬ್ಬರಲ್ಲೇ ಇದ್ದಾಗ ಒಂದರಿಂದಲೇ ಇನ್ನೊಂದು ಎಂದು ಅನಿಸುವುದು ಸಹಜ. ಕಾರಣಗಳು ಬೇರೆ. ಲ್ಯಾಕ್ಟೇಸ್ ಕಿಣ್ವ ಸಾಲದೆ ಹಾಲಿನ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಹುಳಿಯುವುದು ಹೊಟ್ಟೆಯ ಕಥೆ. ಉಸಿರಿನಲ್ಲಿ ಹೈಡ್ರೋಜನ್ ಅಳೆದರೆ ಅದು ಗೊತ್ತಾಗುತ್ತದೆ. ಹೀಗೆ ಒಗ್ಗದವರಲ್ಲೂ ಬಹುತೇಕರು ಒಂದು ಸಲಕ್ಕೆ 12 ಗ್ರಾಂ ಲ್ಯಾಕ್ಟೋಸ್, ಅಂದರೆ ಒಂದು ಲೋಟ ಹಾಲು, ತಡೆದುಕೊಳ್ಳುತ್ತಾರೆ. ಮುಖದ ಕಥೆ ಹಾಲಿನ ಪ್ರೋಟೀನಿನದು. ಹಾಲಿನ ಗ್ಲೈಸಿಮಿಕ್ ಸೂಚ್ಯಂಕ (ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬ ಅಳತೆ) ತೀರ ಕಡಿಮೆ, 30ರ ಆಸುಪಾಸು. ಆದರೆ ಅದು ಏರಿಸುವ ಇನ್ಸುಲಿನ್ ಬಿಳಿ ಬ್ರೆಡ್ಡಿನಷ್ಟರ ಹತ್ತಿರ ಹೋಗುತ್ತದೆ, ಅದರಲ್ಲಿ ದೊಡ್ಡ ಪಾಲು ವೇ ಪ್ರೋಟೀನಿನದು. ಇನ್ಸುಲಿನ್ ಮತ್ತು ಅದನ್ನೇ ಹೋಲುವ ಐಜಿಎಫ್-1 ಎಂಬ ಹಾರ್ಮೋನು ಏರಿದರೆ ಜಿಡ್ಡಿನ ಗ್ರಂಥಿ ಚುರುಕಾಗುತ್ತದೆ. ಹೆಚ್ಚಿದ ಜಿಡ್ಡು ರೋಮಕೂಪವನ್ನು ಮುಚ್ಚಿದರೆ ಮೊಡವೆ ಏಳುತ್ತದೆ.

ಇವೆರಡನ್ನು ಬೇರ್ಪಡಿಸುವ ಅಗ್ಗದ ಪರೀಕ್ಷೆ ಲ್ಯಾಕ್ಟೋಸ್ ರಹಿತ ಹಾಲು. ಅದರಲ್ಲಿ ಸಕ್ಕರೆಯನ್ನು ಮೊದಲೇ ಗ್ಲುಕೋಸ್, ಗ್ಯಾಲಕ್ಟೋಸ್ ಆಗಿ ಒಡೆದಿರುತ್ತಾರೆ, ಪ್ರೋಟೀನ್ ಮುಟ್ಟಿರುವುದಿಲ್ಲ. ಅದಕ್ಕೆ ಬದಲಾಯಿಸಿದಾಗ ನನ್ನ ಹೊಟ್ಟೆ ಒಂದು ವಾರದಲ್ಲೇ ಶಾಂತವಾಯಿತು. ಮೊಡವೆಯ ಎಣಿಕೆ ಇದ್ದಲ್ಲೇ ಇತ್ತು. ಲ್ಯಾಕ್ಟೇಸ್ ಗುಳಿಗೆಯಿಂದಲೂ ಅದೇ ಫಲ. ಮೊಡವೆಗೆಂದು ಈ ಗುಳಿಗೆ ಕೊಳ್ಳುವವರು ಆ ಹಣ ಉಳಿಸಿಕೊಳ್ಳಬಹುದು.

ವಿಧಾನಕ್ಕೆ ಬರೋಣ. ಮೊದಲ ನಾಲ್ಕು ವಾರ ಊಟದಲ್ಲಿ ಏನನ್ನೂ ಬದಲಿಸದೆ ಬರೀ ಎಣಿಸಬೇಕು. ಮುಖವನ್ನು ಹಣೆ, ಎರಡು ಕೆನ್ನೆ, ಮೂಗು, ಗಲ್ಲ ಎಂದು ಐದು ಭಾಗ ಮಾಡಿ, ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, ಮುಖ ತೊಳೆದು ಅರ್ಧ ಗಂಟೆಯ ಮೇಲೆ. ಮುಚ್ಚಿದ ಮತ್ತು ತೆರೆದ ಕೊಮೆಡೋನ್ (ವೈಟ್‌ಹೆಡ್, ಬ್ಲಾಕ್‌ಹೆಡ್) ಒಂದು ಸಾಲು, ಕೆಂಪು ಗುಳ್ಳೆ ಮತ್ತು ಕೀವುಗುಳ್ಳೆ ಇನ್ನೊಂದು, ಗಂಟು ಮೂರನೆಯದು. ಕಲೆಯನ್ನು ಎಣಿಸಬಾರದು, ಹಳೆಯ ಕೆಂಪು ಕಲೆಯನ್ನು ಗುಳ್ಳೆಯೆಂದು ಬರೆದರೆ ತಿಂಗಳುಗಟ್ಟಲೆ ಲೆಕ್ಕ ಕೆಡುತ್ತದೆ. ಬೆರಳಾಡಿಸಿ ನೋಡಿ, ಉಬ್ಬಿಲ್ಲದಿದ್ದರೆ ಬಿಡಿ. ಮುಟ್ಟಾಗುವವರು ವಾರದಿಂದ ವಾರಕ್ಕೆ ಹೋಲಿಸದೆ ಚಕ್ರದಿಂದ ಚಕ್ರಕ್ಕೆ ಹೋಲಿಸಬೇಕು. ಮುಟ್ಟಿನ ಮುಂಚಿನ ವಾರದ ಏರಿಕೆ ಯಾವ ಆಹಾರದ ತಪ್ಪೂ ಅಲ್ಲ.

ಕ್ರೀಮುಗಳನ್ನು ನಿಲ್ಲಿಸಬೇಡಿ, ಹೊಸದನ್ನು ಸೇರಿಸಲೂ ಬೇಡಿ. ನನ್ನದು ರಾತ್ರಿ ಅಡಾಪಲೀನ್ 0.1%, ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ 2.5%, ಉದ್ದಕ್ಕೂ ಅದೇ. ಅಡಾಪಲೀನ್ ಹೊಸದಾಗಿ ಹಚ್ಚಿದಾಗ ಮೊದಲ ಕೆಲವು ವಾರ ಗುಳ್ಳೆ ಹೆಚ್ಚಾಗಬಹುದು. ಪಥ್ಯವನ್ನೂ ಅದೇ ವಾರ ಶುರು ಮಾಡಿದರೆ ಪಥ್ಯ ಕೆಟ್ಟದ್ದೆನಿಸುತ್ತದೆ. ಕನಿಷ್ಠ ಮೂರು ತಿಂಗಳು ಹಳೆಯದಾದ ಔಷಧಕ್ರಮದ ಮೇಲೆ ಮಾತ್ರ ಆಹಾರದ ಪರೀಕ್ಷೆ.

ನಂತರ ಒಂದೇ ಗುಂಪನ್ನು ಬಿಡಬೇಕು, 12 ವಾರ. ಹೊಟ್ಟೆಗೆ ಎರಡು ಮೂರು ವಾರ ಸಾಕು; ಆ ಅವಧಿಯನ್ನೇ ಮುಖಕ್ಕೂ ಹಿಡಿದದ್ದರಿಂದ ಬಹಳ ಜನರ ಪ್ರಯತ್ನ ಕೆಟ್ಟಿದೆ. ಇಂದು ಕಾಣುವ ಗುಳ್ಳೆ ರೋಮಕೂಪದೊಳಗೆ ಕಣ್ಣಿಗೆ ಕಾಣದ ಮುಚ್ಚಳವಾಗಿ ಶುರುವಾಗಿ ಎಂಟು ವಾರವೂ ಆಗಿರಬಹುದು. ಇಂದು ಹಾಲು ಬಿಟ್ಟರೂ ಅದು ಹೊರಬಂದೇ ತೀರುತ್ತದೆ. ನಾಲ್ಕನೆಯ, ಐದನೆಯ ವಾರದಲ್ಲಿ "ಏನೂ ಪ್ರಯೋಜನವಿಲ್ಲ" ಎನ್ನುವ ಘಟ್ಟ ಎಲ್ಲರಿಗೂ ಬರುತ್ತದೆ. ನನ್ನ ಪಟ್ಟಿಯಲ್ಲೂ ಅಲ್ಲಿಯವರೆಗೆ ಗೆರೆ ಅಡ್ಡಕ್ಕೇ ಇದೆ, ಇಳಿಜಾರು ಸಿಗುವುದು ಆಮೇಲೆ.

ಬಿಟ್ಟದ್ದರ ಜಾಗಕ್ಕೆ ಏನು ಬರುತ್ತದೆ ಎಂಬುದರಲ್ಲಿ ಅರ್ಧ ಫಲಿತಾಂಶ ಅಡಗಿದೆ. ಹಾಲಿನ ಬದಲು ಓಟ್ಸ್ ಪಾನೀಯ ಹಿಡಿದರೆ, ಅದನ್ನು ತಯಾರಿಸುವಾಗ ಪಿಷ್ಟ ಒಡೆದು ಮಾಲ್ಟೋಸ್ ಆಗಿರುತ್ತದೆ. ಅಕ್ಕಿಯ ಪಾನೀಯವೂ ಸಕ್ಕರೆಯನ್ನು ಬೇಗ ಏರಿಸುವಂಥದ್ದೇ. ಒಂದು ಕಾರಣ ತೆಗೆದು ಇನ್ನೊಂದನ್ನು ತುರುಕಿದಂತಾಯಿತು. ಸಕ್ಕರೆ ಸೇರಿಸದ ಸೋಯಾ ಅಥವಾ ಬಾದಾಮಿ ಪಾನೀಯ ಪರೀಕ್ಷೆಗೆ ತಕ್ಕದ್ದು. ಗ್ಲುಟೆನ್ ಪರೀಕ್ಷೆಯಲ್ಲಿ ಇದೇ ಬಲೆ ಇನ್ನೂ ದೊಡ್ಡದು. ಗ್ಲುಟೆನ್ ರಹಿತ ಬ್ರೆಡ್ಡು, ಬಿಸ್ಕತ್ತುಗಳಲ್ಲಿ ಅಕ್ಕಿ, ಆಲೂಗಡ್ಡೆ, ಟ್ಯಾಪಿಯೋಕಾ ಪಿಷ್ಟವೇ ಹೆಚ್ಚು. ನನ್ನ ಎಣಿಕೆ ಆ ಅವಧಿಯಲ್ಲಿ ಇಳಿಯುವ ಬದಲು ಸ್ವಲ್ಪ ಏರಿತು. ಆ ಪ್ಯಾಕೆಟ್ಟುಗಳನ್ನು ಬಿಟ್ಟು ಕಾಳು, ತರಕಾರಿ, ಮೊಟ್ಟೆಯ ಮೇಲೆ ಮಾಡಿದಾಗ ಗೋಧಿ ತಿಂದರೂ ಬಿಟ್ಟರೂ ಒಂದೇ. ಗೋಧಿ ಬಿಡುವ ಯೋಚನೆ ಇರುವವರು ಸೀಲಿಯಾಕ್ (ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ರಕ್ತಪರೀಕ್ಷೆಯನ್ನು ಮೊದಲೇ ಮಾಡಿಸಿಕೊಳ್ಳಬೇಕು. ಗ್ಲುಟೆನ್ ತಿನ್ನುವುದನ್ನು ನಿಲ್ಲಿಸಿದ ಮೇಲೆ ಕಾಯಿಲೆ ಇದ್ದರೂ ಆ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು.

ಬಚ್ಚಿಟ್ಟುಕೊಂಡ ಹಾಲನ್ನು ಲೇಬಲ್ಲಿನಲ್ಲಿ ಹುಡುಕಬೇಕು: ವೇ ಪುಡಿ, ವೇ ಪರ್ಮಿಯೇಟ್, ಹಾಲಿನ ಘನಾಂಶ, ಕೇಸಿನೇಟ್. ಪ್ರೋಟೀನ್ ಬಾರ್, ಬಿಸ್ಕತ್ತು, ಮಸಾಲೆ ಚಿಪ್ಸ್, ಸೂಪಿನ ಪುಡಿಯವರೆಗೂ ಇರುತ್ತದೆ. ಚಿಪ್ಸಿನ ಮೇಲಿನ ಚಿಟಿಕೆಯಿಂದ ಏನೂ ಆಗದು, ಪ್ರೋಟೀನ್ ಬಾರ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪ್ರಮಾಣ ಅರ್ಥವಾಗಲು ಒಂದು ಲೆಕ್ಕ: ಹಾಲಿನ ಪ್ರೋಟೀನಿನಲ್ಲಿ ವೇ ಪಾಲು ಐದನೇ ಒಂದರಷ್ಟು, ಲೀಟರಿಗೆ ಸುಮಾರು ಆರೇಳು ಗ್ರಾಂ. 25 ಗ್ರಾಂ ಪ್ರೋಟೀನ್ ಕೊಡುವ ಒಂದು ಅಳತೆ ಚಮಚೆ (ಸ್ಕೂಪ್) ವೇ ಪುಡಿಯೆಂದರೆ ನಾಲ್ಕು ಲೀಟರ್ ಹಾಲಿನ ವೇ ಒಂದೇ ಗುಟುಕಿಗೆ. ಹಾಲು ಬಿಟ್ಟು ಪುಡಿ ಮುಂದುವರಿಸುವವರನ್ನು ಕಂಡರೆ ನನಗೆ ನಗು ಬರುವುದು ಇದಕ್ಕೇ.

ಮರಳಿ ತಿನ್ನುವ ಹಂತದಲ್ಲಿ ಜಿಪುಣತನ ಕೂಡದು. ವಾರಕ್ಕೆರಡು ಲೋಟ ಕುಡಿದು ಏನೂ ಆಗಲಿಲ್ಲ ಎಂದರೆ ಅದು ಪರೀಕ್ಷೆಯಲ್ಲ. ದಿನಕ್ಕೆ ಅರ್ಧ ಲೀಟರ್ ಹಾಲು ಅಥವಾ ಒಂದು ಚಮಚೆ ಪುಡಿ, ನಾಲ್ಕರಿಂದ ಆರು ವಾರ. ಶಮನಕ್ಕಿಂತ ಕೆರಳುವುದು ಬೇಗ. ಪುಡಿಗೆ ಮೂರನೆಯ ವಾರದಿಂದಲೇ ದವಡೆಯ ಅಂಚಿನಲ್ಲಿ ಗುಳ್ಳೆ ಎದ್ದವು. ಕೆನೆ ತೆಗೆದ ಹಾಲಿಗೆ ಒಂದು ತಿಂಗಳ ಮೇಲೆ. ಕೆನೆಯಿದ್ದ ಹಾಲಿನ ಪರಿಣಾಮ ಅದಕ್ಕಿಂತ ಕಡಿಮೆ. 2005ರಲ್ಲಿ ಅಮೆರಿಕದ 47,355 ದಾದಿಯರ ಹೈಸ್ಕೂಲು ದಿನಗಳ ಊಟ ವಿಚಾರಿಸಿದ ಅಧ್ಯಯನದಲ್ಲೂ ಕೆನೆ ತೆಗೆದ ಹಾಲಿನ ನಂಟೇ ಗಟ್ಟಿಯಾಗಿತ್ತು, ಕೊಬ್ಬಿನ ಮೇಲೆ ತಪ್ಪು ಹೊರಿಸುವವರು ಇದನ್ನು ಗಮನಿಸಬೇಕು. ಮೊಸರು ದಿನಕ್ಕೊಂದು ಬಟ್ಟಲು ತಿಂದರೂ ನನಗೆ ಏನೂ ಆಗಲಿಲ್ಲ. ಅಲರ್ಜಿ ಇರುವವರು, ತಿಂದೊಡನೆ ದದ್ದು, ತುಟಿ ಬಾವು, ಉಸಿರುಗಟ್ಟುವಿಕೆ ಕಂಡವರು, ಈ ಹಂತವನ್ನು ಮನೆಯಲ್ಲಿ ಮಾಡಲೇಬಾರದು.

"ಮನಸ್ಸಿನ ಭ್ರಮೆ" ಎಂಬ ಆಕ್ಷೇಪಕ್ಕೆ ಉತ್ತರವಾಗಿ ಕುರುಡು ಪರೀಕ್ಷೆಯನ್ನೂ ಮಾಡಿದೆ. ಒಂದು ಡಬ್ಬಿಯಲ್ಲಿ ವೇ ಐಸೊಲೇಟ್ (ಶುದ್ಧೀಕರಿಸಿದ ವೇ ಪ್ರೋಟೀನ್), ಇನ್ನೊಂದರಲ್ಲಿ ಬಟಾಣಿ ಪ್ರೋಟೀನ್, ಎರಡಕ್ಕೂ ಸಿಹಿಯಿಲ್ಲದ ಕೋಕೋ. ತುಂಬಿ ಗುರುತು ಹಾಕುವವರು ಬೇರೆಯವರು, ಗುರುತಿನ ಚೀಟಿ ಕೊನೆಯವರೆಗೂ ಅವರ ಬಳಿಯೇ. ಬಟಾಣಿ ಮರಳು ಮರಳಾಗಿ ನಾಲಿಗೆಗೆ ಸಿಕ್ಕಿಬೀಳುತ್ತದೆ. ಎರಡಕ್ಕೂ ಚಿಟಿಕೆ ಕ್ಸಾಂಥನ್ ಗಮ್ ಹಾಕಿ ಕಡೆದರೆ ಗಟ್ಟಿತನ ಒಂದೇ ಆಗುತ್ತದೆ. ವೇ ನೊರೆ ಏಳುವುದು ಇನ್ನೊಂದು ಸುಳಿವು. ಅದಕ್ಕೂ ನನ್ನ ಬಳಿ ಉಪಾಯವಿದೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ಚೀಟಿ ಬಿಚ್ಚಿದಾಗ ಗುಳ್ಳೆ ಎದ್ದ ಡಬ್ಬಿ ವೇಯದ್ದೇ ಆಗಿತ್ತು. ನಡುವೆ ಬರೀ ಕೋಕೋ ಪರೀಕ್ಷಿಸುವ ಚಪಲವೂ ಆಯಿತು. ಏನೂ ಸ್ಪಷ್ಟವಾಗಲಿಲ್ಲ, ಕಹಿ ಕುಡಿದದ್ದಷ್ಟೇ ಬಂತು.

ಅಂಕಿಗಳು ಸ್ಥೂಲವಾಗಿ: ಕೆಂಪು ಮತ್ತು ಕೀವುಗುಳ್ಳೆ ಶುರುವಿನಲ್ಲಿ ಮೂವತ್ತರ ಹತ್ತಿರ, ಪುಡಿ ಮತ್ತು ಹಾಲು ಬಿಟ್ಟ ಮೂರು ತಿಂಗಳಿಗೆ ಹತ್ತು ಹನ್ನೆರಡು, ಪುಡಿ ಮರಳಿದಾಗ ಇಪ್ಪತ್ತು ದಾಟಿ, ಬಿಟ್ಟಾಗ ಮತ್ತೆ ಹತ್ತರ ಸುತ್ತ. ಬ್ಲಾಕ್‌ಹೆಡ್‌ಗಳು ಊಟಕ್ಕೆ ಜಗ್ಗಲಿಲ್ಲ, ಅವನ್ನು ಇಳಿಸಿದ್ದು ಅಡಾಪಲೀನ್. ಗಂಟು ಮೊಡವೆ, ಗುಳಿಬೀಳುವ ಕಲೆ ಇರುವವರು ಇಷ್ಟು ತಿಂಗಳು ಕಾಯುತ್ತ ಕೂರಬಾರದು. ಚರ್ಮವೈದ್ಯರ ಚಿಕಿತ್ಸೆ ಮೊದಲು, ಪಥ್ಯದ ಪತ್ತೆದಾರಿಕೆ ಅದರ ಜೊತೆಗೆ. ಹಿಂದೆ ಊಟ ಬಿಡುವ ಕಾಯಿಲೆಗೆ ಬಿದ್ದವರು ಇದರ ಗೊಡವೆಗೇ ಹೋಗಬಾರದು. ಹಾಲು ಬಿಟ್ಟ ಅವಧಿಯಲ್ಲಿ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇರೆ ಕಡೆಯಿಂದ ಬರುವಂತೆ ನೋಡಿಕೊಳ್ಳಬೇಕು, ಹದಿಹರೆಯದವರಿಗೆ ಇನ್ನೂ ಹೆಚ್ಚು. ಕ್ಯಾಲ್ಸಿಯಂ ಸೇರಿಸಿದ ಸೋಯಾ ಪಾನೀಯವನ್ನು ಪ್ರತಿ ಸಲ ಚೆನ್ನಾಗಿ ಕುಲುಕಿ. ಸೇರಿಸಿದ್ದೆಲ್ಲ ತಳದಲ್ಲಿ ಕೂತಿರುತ್ತದೆ.

ಕಾಫಿಗೆ ಬೀಳುವಷ್ಟು ಹಾಲು, ದಿನಕ್ಕೆ ನೂರು ಮಿಲಿಲೀಟರಿನವರೆಗೆ, ನನ್ನ ಎಣಿಕೆಯನ್ನು ಅಲುಗಿಸಲಿಲ್ಲ, ಹಾಗಾಗಿ ಅದು ಮರಳಿ ಬಂದಿದೆ. ಪುಡಿಯ ಜಾಗದಲ್ಲಿ ಬಟಾಣಿಯೇ ಉಳಿದಿದೆ. ಮುಂದೆ ನೋಡಬೇಕಿರುವುದು ಕೇಸಿನ್ ಪುಡಿ: ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಅದರದ್ದೇ, ಜೀರ್ಣವಾಗುವುದು ನಿಧಾನ. ಅದೂ ಮುಖಕ್ಕೆ ಬರುತ್ತದೆಯೋ ಇಲ್ಲವೋ ತಿಳಿದರೆ ಹಾಲಿನ ಲೆಕ್ಕ ಪೂರ್ತಿ ಚುಕ್ತಾ.