ವೋಟಿಲ್ಲದವಳು ವೋಟು ಕೇಳಿದ್ದು: 2016ರ ಸ್ಯಾಂಡರ್ಸ್ ಪ್ರಚಾರದಲ್ಲಿ ನನ್ನ ಅನುಭವ

2016ರಲ್ಲಿ ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೆ. ಎಚ್‌-1ಬಿ, ಅಂದರೆ ಕೆಲಸದ ವೀಸಾ. ಅಲ್ಲಿನ ಚುನಾವಣೆಯಲ್ಲಿ ನನಗೆ ವೋಟಿಲ್ಲ. ಅಭ್ಯರ್ಥಿಗೆ ಒಂದು ಡಾಲರ್ ದೇಣಿಗೆ ಕೊಡೋದಕ್ಕೂ ಕಾನೂನು ಬಿಡುವುದಿಲ್ಲ. ಆದರೆ ಸಂಬಳ ತೆಗೆದುಕೊಳ್ಳದೆ ಪ್ರಚಾರಕ್ಕೆ ದುಡಿಯಬಹುದು. ಇದು ಗೊತ್ತಾದ ದಿನವೇ ಬರ್ನಿ ಸ್ಯಾಂಡರ್ಸ್ ಪ್ರಚಾರಕ್ಕೆ ಹೆಸರು ಕೊಟ್ಟೆ. ಹಿಂದಿನ ವರ್ಷ ಮಗ ಸೈಕಲ್‌ನಿಂದ ಬಿದ್ದು ಕೈ ಮುರಿದುಕೊಂಡಿದ್ದ. ಇನ್ಶೂರೆನ್ಸ್ ಇದ್ದರೂ ಆಸ್ಪತ್ರೆಯಿಂದ ಬಂದ ಬಿಲ್ ನೋಡಿ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಎಲ್ಲರಿಗೂ ಸರ್ಕಾರವೇ ಆರೋಗ್ಯ ವಿಮೆ ಕೊಡಬೇಕು ಅಂತ ಒಬ್ಬರು ಪಟ್ಟು ಹಿಡಿದು ಹೇಳುತ್ತಿದ್ದರೆ ಮನಸ್ಸು ಅತ್ತ ಹೋಗದೆ ಇರುತ್ತಾ?

ಸ್ಯಾಂಡರ್ಸ್‌ಗೆ ಆಗ 74 ವರ್ಷ. ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಸೆನೆಟರ್. ಅಷ್ಟು ವರ್ಷ ಪಕ್ಷೇತರರಾಗಿದ್ದವರು ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್‌ಗಾಗಿ ಹಿಲರಿ ಕ್ಲಿಂಟನ್ ಎದುರು ನಿಂತಿದ್ದರು. ಪಕ್ಷದ ಟಿಕೆಟ್ ಯಾರಿಗೆ ಅಂತ ಹೆಚ್ಚಿನ ರಾಜ್ಯಗಳಲ್ಲಿ ಬೇರೆ ಬೇರೆ ದಿನ ಜನರೇ ವೋಟು ಹಾಕುತ್ತಾರೆ. ಅದಕ್ಕೆ ಪ್ರೈಮರಿ ಅಂತಾರೆ. ದೊಡ್ಡ ಕುಳಗಳು ದುಡ್ಡು ಸುರಿಯುವ 'ಸೂಪರ್ ಪ್ಯಾಕ್' ಎಂಬ ಪ್ರಚಾರ ಸಂಸ್ಥೆ ನನಗೆ ಬೇಡ ಅಂದಿದ್ದರು. ಬರುತ್ತಿದ್ದ ದೇಣಿಗೆ ಸರಾಸರಿ 27 ಡಾಲರ್. ಅದನ್ನೇ ಅವರು ಘೋಷಣೆ ಮಾಡಿಕೊಂಡರು. ಸಭೆಯಲ್ಲಿ 'ನಮ್ಮ ಸರಾಸರಿ ದೇಣಿಗೆ ಎಷ್ಟು ಗೊತ್ತಾ?' ಅಂತ ಅವರು ಶುರು ಮಾಡುವಷ್ಟರಲ್ಲೇ ಸಾವಿರಾರು ಜನ 'ಇಪ್ಪತ್ತೇಳು ಡಾಲರ್' ಅಂತ ಕೂಗುತ್ತಿದ್ದರು. ಈ ಪ್ರಚಾರ ಯಾರದು ಅಂತ ಹೇಳೋದಕ್ಕೆ ಆ ಒಂದು ಅಂಕಿ ಸಾಕಿತ್ತು.

ಟಿವಿ ಜಾಹೀರಾತು ಅವರೂ ಕೊಟ್ಟರು. ಆದರೆ ನಿಜವಾದ ಹೊಸತನ ಇದ್ದದ್ದು ಬೇರೆ ಕಡೆ. ಮತದಾರರ ಹತ್ತಿರ ಮಾತಾಡುವ ಕೆಲಸವನ್ನೇ ನಮ್ಮಂಥ ಗುರುತು ಪರಿಚಯ ಇಲ್ಲದವರ ಕೈಗೆ ಕೊಟ್ಟುಬಿಟ್ಟಿದ್ದರು. 2015ರ ಜುಲೈ 29ರಂದು ದೇಶದ ಸುಮಾರು 3,500 ಕಡೆ, ಮನೆಗಳಲ್ಲಿ, ಕಾಫಿ ಅಂಗಡಿಗಳಲ್ಲಿ, ಒಂದು ಲಕ್ಷ ಜನ ಕೂತು ಸ್ಯಾಂಡರ್ಸ್ ಭಾಷಣವನ್ನು ನೇರಪ್ರಸಾರದಲ್ಲಿ ಕೇಳಿದ್ದರು. ಕೆಲಸ ಮಾಡೋಕೆ ತಯಾರಿದ್ದವರು ಫೋನಿನಲ್ಲಿ 'ವರ್ಕ್' ಅಂತ ಒಂದೇ ಪದ ಟೈಪ್ ಮಾಡಿ ಕಳಿಸಬೇಕಿತ್ತು. ಆಮೇಲೆ ಅವರನ್ನು ಕೆಲಸಕ್ಕೆ ಹಚ್ಚಲು ಊರೂರಲ್ಲಿ ಸಭೆಗಳು. ಬಾರ್ನ್‌ಸ್ಟಾರ್ಮ್ ಅಂತಿದ್ದರು.

ಅಂಥದ್ದೊಂದಕ್ಕೆ ನಾನೂ ಹೋಗಿದ್ದೆ. ಭಾಷಣ ಇಪ್ಪತ್ತು ನಿಮಿಷವೂ ಇರಲಿಲ್ಲ. 'ಯಾರು ಮನೆಯಲ್ಲಿ ಫೋನ್ ಬ್ಯಾಂಕ್ ಮಾಡ್ತೀರಿ? ಎದ್ದು ನಿಲ್ಲಿ' ಅಂದರು. ಫೋನ್ ಬ್ಯಾಂಕ್ ಅಂದರೆ ಒಂದಷ್ಟು ಜನ ಒಟ್ಟಿಗೆ ಕೂತು ಮತದಾರರಿಗೆ ಕರೆ ಮಾಡುವುದು. ಎಂಟು ಜನ ಎದ್ದರು. ಒಬ್ಬೊಬ್ಬರೂ ತಮ್ಮ ಮನೆ ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಅಂತ ಕೂಗಿ ಹೇಳಿದರು. ಉಳಿದವರು ಹೋಗಿ ಅವರ ಕೈಯಲ್ಲಿದ್ದ ಹಾಳೆಯಲ್ಲಿ ಹೆಸರು ಬರೆಯಬೇಕು. ಮನೆಗೆ ಹೋಗಿ ಯೋಚಿಸಿ ಹೇಳ್ತೀನಿ ಅನ್ನೋದಕ್ಕೆ ಅವಕಾಶವೇ ಇಲ್ಲ. ನಮ್ಮೂರಲ್ಲಿ ಆಟೋಗೆ ಮೈಕ್ ಕಟ್ಟಿ ಕೂಗುವುದನ್ನು ನೋಡಿ ಬೆಳೆದ ನನಗೆ ಇದು ತೀರಾ ಹೊಸದು.

ಮೊದಲ ತಿಂಗಳುಗಳಲ್ಲಿ ನಾನು ಬೇರೆ ರಾಜ್ಯಗಳಿಗೆ ಕರೆ ಮಾಡುತ್ತಿದ್ದೆ. ಮಧ್ಯಾಹ್ನ ಊಟದ ಹೊತ್ತಲ್ಲಿ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಡಯಲರ್ ಅನ್ನುವ ಸಾಫ್ಟ್‌ವೇರ್ ತಾನೇ ನಂಬರ್ ತಿರುಗಿಸುತ್ತದೆ. ಯಾರಾದರೂ ಎತ್ತಿಕೊಂಡರೆ ಕಿವಿಯಲ್ಲಿ 'ಬೀಪ್'. ಪರದೆ ಮೇಲೆ ಹೆಸರು, ವಯಸ್ಸು, ಊರು. ಬಾಯಿ ತೆರೆಯಲು ಒಂದು ಸೆಕೆಂಡ್ ತಡವಾದರೂ ಅವರು ಫೋನ್ ಇಟ್ಟುಬಿಡುತ್ತಾರೆ.

ನನ್ನದು ಇನ್ನೊಂದು ಕಷ್ಟ. ನನ್ನ ಉಚ್ಚಾರಣೆ ಕೇಳಿದ ಕೂಡಲೇ 'ಕಾಲ್ ಸೆಂಟರಾ?' ಅಂತ ಕೇಳುತ್ತಿದ್ದರು. ಇಂಡಿಯಾದಿಂದ ಮೋಸದ ಕರೆಗಳು ಬಂದು ಬಂದು ಅವರಿಗೆ ಸಾಕಾಗಿತ್ತು. ತಪ್ಪು ಅವರದ್ದಲ್ಲ. ಕೊಟ್ಟಿದ್ದ ಸ್ಕ್ರಿಪ್ಟ್‌ನಲ್ಲಿ ಮೊದಲು ಅಭ್ಯರ್ಥಿಯ ಹೆಸರು, ಆಮೇಲೆ ನಾವು ಯಾರು ಅಂತ ಇತ್ತು. ನಾನು ಅದನ್ನು ತಿರುಗಿಸಿದೆ. 'ನಾನು ಕ್ಯಾಲಿಫೋರ್ನಿಯಾದಲ್ಲಿರುವ ಒಬ್ಬ ತಾಯಿ. ಸಂಬಳ ಇಲ್ಲ, ಊಟದ ಹೊತ್ತಲ್ಲಿ ಕಾರಲ್ಲಿ ಕೂತು ಫೋನ್ ಮಾಡ್ತಿದ್ದೀನಿ.' ಇಷ್ಟು ಹೇಳಿದ ಮೇಲೆ ಕೇಳುವವರು ಜಾಸ್ತಿಯಾದರು.

ಇನ್ನೊಂದನ್ನು ನಿಧಾನವಾಗಿ ಕಲಿತೆ. ಶುರುವಿನಲ್ಲಿ ನಾನು ಕಾರ್ಯಕ್ರಮಗಳ ಪಟ್ಟಿ ಒಪ್ಪಿಸುತ್ತಿದ್ದೆ. ಉಚಿತ ಕಾಲೇಜು, ಕನಿಷ್ಠ ಕೂಲಿ 15 ಡಾಲರ್. ಆ ಕಡೆಯಿಂದ ಬರೀ 'ಹೂಂ, ಹೂಂ'. ಆಮೇಲೆ 'ನಿಮಗೆ ಈ ಸಲ ಯಾವ ವಿಷಯ ಮುಖ್ಯ?' ಅಂತ ಕೇಳಿ ಸುಮ್ನಾಗತೊಡಗಿದೆ. ಆ ಮೌನವನ್ನು ತಡೆದುಕೊಳ್ಳೋದೇ ಕಷ್ಟ. ಆದರೆ ಜನ ಮಾತಾಡುತ್ತಾರೆ. ಮಿಷಿಗನ್‌ನ ಒಬ್ಬರು ತಮ್ಮ ಕಾರ್ಖಾನೆ ಮುಚ್ಚಿದ್ದನ್ನು ಹತ್ತು ನಿಮಿಷ ಹೇಳಿದರು. ನಾನು ಮಗನ ಕೈ ಮುರಿದ ಕತೆ ಹೇಳಿದೆ. ಕೊನೆಗೆ ಅವರೇ 'ಮತಗಟ್ಟೆ ಎಷ್ಟು ಗಂಟೆಗೆ ತೆರೆಯುತ್ತೆ?' ಅಂತ ಕೇಳಿದರು. ಸ್ಯಾಂಡರ್ಸ್ ಅಲ್ಲಿ ಇಪ್ಪತ್ತು ಪಾಯಿಂಟ್ ಹಿಂದಿದ್ದಾರೆ ಅಂತ ಸಮೀಕ್ಷೆಗಳು ಹೇಳುತ್ತಿದ್ದವು. ಮಾರ್ಚ್ 8ರಂದು ಅವರು ಸ್ವಲ್ಪದರಲ್ಲಿ ಗೆದ್ದರು. ಆ ರಾತ್ರಿ ನಾನು ಅತ್ತೆ.

ಮೇ ಬಂತು. ಈಗ ನಮ್ಮದೇ ರಾಜ್ಯದ ಸರದಿ, ಜೂನ್ 7ಕ್ಕೆ ಮತದಾನ. ಇಲ್ಲಿ ಮಾತಿನ ದಾರಿಯೇ ಬದಲಾಯಿತು. ಸ್ಯಾಂಡರ್ಸ್ ಒಳ್ಳೆಯವರು ಅಂತ ಒಪ್ಪಿಸುವ ಕೆಲಸ ಅಷ್ಟಿರಲಿಲ್ಲ. ಬ್ಯಾಲಟ್, ಅಂದರೆ ಮತಪತ್ರ, ಹೇಗೆ ಪಡೆಯಬೇಕು ಅಂತ ಹೇಳೋದೇ ದೊಡ್ಡ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ 'ಯಾವ ಪಕ್ಷವೂ ಬೇಡ' ಅಂತ ನೋಂದಾಯಿಸಿದವರೂ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ವೋಟು ಹಾಕಬಹುದು. ಆದರೆ ಆ ಬ್ಯಾಲಟ್ ಅನ್ನು ಬಾಯಿಬಿಟ್ಟು ಕೇಳಬೇಕು. ಇನ್ನು ಕೆಲವರು ಪಕ್ಷೇತರ ಅಂದುಕೊಂಡು ಅಮೆರಿಕನ್ ಇಂಡಿಪೆಂಡೆಂಟ್ ಅನ್ನುವ ಪಕ್ಷದಲ್ಲಿ ಹೆಸರು ಬರೆಸಿಬಿಟ್ಟಿದ್ದರು. ಅವರು ಮೇ 23ರೊಳಗೆ ಮತ್ತೆ ನೋಂದಾಯಿಸದಿದ್ದರೆ ಅವಕಾಶವೇ ಇರಲಿಲ್ಲ. ನಾವು ಮೆಸೇಜ್ ಕಳಿಸುತ್ತಿದ್ದದ್ದೂ ಇದಕ್ಕೇ. ಒಂದೊಂದು ಮೆಸೇಜಿಗೂ ನಾವೇ ಬೆರಳಿಂದ ಒತ್ತಿ ಕಳಿಸಬೇಕು, ಉತ್ತರ ಬಂದರೆ ನಾವೇ ಮಾತಾಡಬೇಕು.

ಒಂದು ಸಂಜೆ ಬೀಪ್ ಕೇಳಿಸಿತು. ಪರದೆಯಲ್ಲಿ 71 ವರ್ಷದ ಹೆಂಗಸಿನ ಹೆಸರು, ಕೊನೆಯಲ್ಲಿ 'ಅಮ್ಮ'. ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅಷ್ಟರಲ್ಲಿ ಅವರು ಪಕ್ಕಕ್ಕೆ ತಿರುಗಿ 'ಆ ಟಿವಿ ಸ್ವಲ್ಪ ಸಣ್ಣ ಮಾಡೋ' ಅಂದರು.

'ಅಮ್ಮಾ, ನೀವು ಕನ್ನಡದವರಾ?'

'ಹೂಂ ಕಣಮ್ಮ. ನಿಂದು ಯಾವೂರು?'

'ತಿಪಟೂರು.'

'ಅಯ್ಯೋ, ನಮ್ಮದು ಅರಸೀಕೆರೆ!'

ವಿಷಯ ಹೇಳಿದೆ. ಅವರ ದನಿ ಇಳಿಯಿತು. 'ಪೋಸ್ಟಲ್ಲಿ ಬಂದಿದೆ ಕಣಮ್ಮ. ಎರಡು ಸಲ ತಿರುಗಿಸಿ ನೋಡ್ದೆ. ಪ್ರೆಸಿಡೆಂಟ್ ಹೆಸರೇ ಇಲ್ಲ ಇದ್ರಲ್ಲಿ. ನಾವು ಹೊರಗಿಂದ ಬಂದೋರು ಅಂತ ಕೊಡ್ಲಿಲ್ವೇನೋ ಅಂದ್ಕೊಂಡೆ.'

ನನಗೆ ಗಂಟಲು ಕಟ್ಟಿತು. 'ಹಾಗಲ್ಲಮ್ಮ, ನೀವು ನೋಂದಾಯಿಸುವಾಗ ಪಕ್ಷ ಬೇಡ ಅಂತ ಬರೆದಿದ್ದೀರಿ, ಅದಕ್ಕೆ' ಅಂದೆ. ಅದರಲ್ಲಿ ಏನೂ ಬರೀಬೇಡಿ, ಬಿಸಾಕಲೂಬೇಡಿ. ಕವರ್ ಸಮೇತ ಮತಗಟ್ಟೆಗೆ ತಗೊಂಡು ಹೋಗಿ ವಾಪಸ್ ಕೊಟ್ಟು 'ಡೆಮಾಕ್ರಟಿಕ್ ಕ್ರಾಸ್‌ಓವರ್ ಬ್ಯಾಲಟ್' ಕೇಳಿ. ಅವರು ಪೆನ್ನು ಹುಡುಕಿದರು. ಕ್ಯಾಲೆಂಡರ್ ಮೇಲೆ ಕನ್ನಡದಲ್ಲೇ ಬರೆದುಕೊಂಡರು. ನಾನು ಬಿಡಿಬಿಡಿಯಾಗಿ ಹೇಳಿದೆ, ಅವರು ಮೂರು ಸಲ ಓದಿ ಒಪ್ಪಿಸಿದರು. ಯಾರಿಗೆ ವೋಟು ಅಂತ ಕೇಳಿದ್ದಕ್ಕೆ 'ಅದನ್ನ ಹೇಳ್ಬಾರ್ದಲ್ವಾ' ಅಂದರು. ನಾನು 'ಇನ್ನೂ ನಿರ್ಧರಿಸಿಲ್ಲ' ಅನ್ನುವ ಗುಂಡಿ ಒತ್ತಿದೆ.

ಜೂನ್ 6ರ ಸಂಜೆ ನಾವು ಆರು ಜನ ಒಬ್ಬರ ಮನೆಯಲ್ಲಿ ಕರೆ ಮಾಡುತ್ತಿದ್ದೆವು. ಪಕ್ಷದ ಟಿಕೆಟ್ ಪಡೆಯಲು ಬೇಕಾದಷ್ಟು ಪ್ರತಿನಿಧಿಗಳ ಬೆಂಬಲ ಕ್ಲಿಂಟನ್‌ಗೆ ಸಿಕ್ಕಿದೆ ಅಂತ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪ್ರಕಟಿಸಿತು. ನಮ್ಮ ಮತದಾನಕ್ಕೆ ಇನ್ನೂ ಒಂದು ರಾತ್ರಿ ಬಾಕಿ ಇತ್ತು. ಎಲ್ಲರ ಫೋನೂ ಒಟ್ಟಿಗೆ ಗುಯ್ಯೆಂದವು. ಮುಂದಿನ ಕರೆಯಲ್ಲೇ ಒಬ್ಬ ಹುಡುಗ 'ಮುಗೀತಲ್ಲ, ಇನ್ಯಾಕೆ?' ಅಂದ. ಸ್ಕ್ರಿಪ್ಟ್‌ನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. 'ನಿನ್ನ ವೋಟು ಇನ್ನೂ ಯಾರೂ ಎಣಿಸಿಲ್ಲಪ್ಪ. ಅದೇ ಬ್ಯಾಲಟ್‌ನಲ್ಲಿ ಸೆನೆಟ್ ಸೀಟೂ ಇದೆ. ನಂಗಂತೂ ವೋಟಿಲ್ಲ, ನೀನು ಹೋಗು' ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಮತಗಟ್ಟೆಯ ವಿಳಾಸ ಕೇಳಿದ. ಆ ರಾತ್ರಿ ಒಂಬತ್ತರ ತನಕ ಯಾರೂ ಏಳಲಿಲ್ಲ.

ಸುಮಾರು ಶೇಕಡಾ 53ಕ್ಕೆ 46ರಂತೆ ಸೋತೆವು. ಅರಸೀಕೆರೆಯ ಅಮ್ಮ ಬ್ಯಾಲಟ್ ಬದಲಾಯಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಡಯಲರ್‌ನಲ್ಲಿ ಕರೆ ಮುಗಿದರೆ ಆ ನಂಬರ್ ಮತ್ತೆ ಸಿಗುವುದಿಲ್ಲ.