ಕಾಡಿನ ಏರ್‌ಸಾಫ್ಟ್‌ಗೆ ಜಾಕೆಟ್: ಗುಂಡು ತಗುಲಿದ್ದು ಗೊತ್ತಾಗಬೇಕು

ಬೆಂಗಳೂರಿನಲ್ಲಿ ಪೇಂಟ್‌ಬಾಲ್ ಆಡಿದವರು ಬ್ರಿಟನ್ನಿಗೆ ಹೋಗಿ ಏರ್‌ಸಾಫ್ಟ್ (ಪ್ಲಾಸ್ಟಿಕ್ ಗುಂಡು ಹಾರಿಸುವ ಗನ್‌ಗಳ ಅಣಕು ಯುದ್ಧದಾಟ) ಶುರುಮಾಡುವಾಗ ಒಂದು ವ್ಯತ್ಯಾಸ ತಿಳಿದಿರಬೇಕು. ಪೇಂಟ್‌ಬಾಲ್ ತಗುಲಿದರೆ ಬಣ್ಣ ಚಿಮ್ಮುತ್ತದೆ. ನೀವು ಬಾಯಿ ಬಿಡದಿದ್ದರೂ ಅಂಗಿಯೇ ಹೇಳಿಬಿಡುತ್ತದೆ. ಏರ್‌ಸಾಫ್ಟ್‌ನ 6 ಮಿ.ಮೀ. ಪ್ಲಾಸ್ಟಿಕ್ ಗುಂಡು, ಅಂದರೆ ಬಿಬಿ, ಬಟ್ಟೆಯ ಮೇಲೆ ಗುರುತು ಬಿಡುವುದಿಲ್ಲ. ತಗುಲಿಸಿಕೊಂಡವರೇ ‘ಹಿಟ್’ ಎಂದು ಕೂಗಿ, ಕೈ ಎತ್ತಿ ಹೊರನಡೆಯಬೇಕು. ಇಡೀ ಆಟ ನಿಂತಿರುವುದು ಈ ನಂಬಿಕೆಯ ಮೇಲೆ. ಹಾಗಾಗಿ ಚಳಿ, ಮಳೆ, ಬಣ್ಣದ ಲೆಕ್ಕಕ್ಕಿಂತ ಮೊದಲು ಜಾಕೆಟ್ಟಿಗೆ ಕೇಳಬೇಕಾದ ಪ್ರಶ್ನೆ: ದೂರದಿಂದ ಬಂದ ಬಿಬಿ ತಗುಲಿದ್ದು ಇದರೊಳಗಿಂದ ಗೊತ್ತಾಗುತ್ತದೆಯೇ?

ಈ ಪ್ರಶ್ನೆಗೆ ಮೊದಲು ಸೋಲುವುದು ಉಬ್ಬಿದ ಪಫರ್ ಜಾಕೆಟ್. ಬ್ರಿಟನ್ನಿನಲ್ಲಿ ಆಟೊಮ್ಯಾಟಿಕ್ ಏರ್‌ಸಾಫ್ಟ್ ಗನ್‌ಗಳಿಗೆ ಕಾನೂನಿನ ಮಿತಿ 1.3 ಜೌಲ್. ಮೈದಾನಗಳು ಸಾಮಾನ್ಯವಾಗಿ ಇನ್ನೂ ಬಿಗಿ: 0.20 ಗ್ರಾಂ ಬಿಬಿಗೆ ಸೆಕೆಂಡಿಗೆ 350 ಅಡಿ, ಅಂದರೆ ನಳಿಗೆ ಬಿಡುವಾಗ ಸುಮಾರು 1.14 ಜೌಲ್. ಅಷ್ಟು ಹಗುರದ ಗುಂಡು ಗಾಳಿಯಲ್ಲಿ ಬಲುಬೇಗ ಸೊರಗುತ್ತದೆ. 40 ಮೀಟರ್ ದಾಟಿ ಬಂದು ದಪ್ಪ ಫೈಬರ್ ತುಂಬಿದ ಬಟ್ಟೆಗೆ ಬಡಿದರೆ ಪೆಟ್ಟೂ ಇಲ್ಲ, ಸದ್ದೂ ಇಲ್ಲ. ಹೊಡೆದವರು ಅದು ತಗುಲಿದ್ದನ್ನು ಕಣ್ಣಾರೆ ಕಂಡಿರುತ್ತಾರೆ, ನೀವು ಏನೂ ಆಗದವರಂತೆ ಓಡುತ್ತಿರುತ್ತೀರಿ. ಮೋಸ ಮಾಡದೆಯೇ ಮೋಸಗಾರರೆನಿಸಿಕೊಳ್ಳುವುದು ಹೀಗೆ. ಪಫರ್ ಬೇಡವೆಂದಲ್ಲ, ಅದರ ಜಾಗ ಗುಂಡು ಹಾರಿಸದ ವಿಶ್ರಾಂತಿಯ ಜಾಗ, ಸೇಫ್ ಜೋನ್. ಊಟದ ಬಿಡುವಿನಲ್ಲಿ ಹೊದ್ದುಕೊಳ್ಳಿ, ಆಟಕ್ಕಿಳಿಯುವಾಗ ಬ್ಯಾಗಿನಲ್ಲಿಡಿ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಆಟದ ದಿನ ಒಳಗೆ ಹಾಕುವುದನ್ನೆಲ್ಲ ಹಾಕಿ, ಮೇಲೆ ಜಾಕೆಟ್ ತೊಟ್ಟು, ಕಣ್ಣು ಮುಚ್ಚಿ ನಿಲ್ಲಿ. ಜೊತೆಯವರು ಬೆನ್ನು, ಹೆಗಲು, ತೋಳಿನ ಹಿಂಭಾಗಕ್ಕೆ ಬೆರಳಿನಿಂದ ಹಗುರವಾಗಿ ಚಿಮ್ಮಲಿ. ಪ್ರತಿ ಸಲವೂ ಎಲ್ಲಿ ಎಂದು ಹೇಳಲು ಬರಬೇಕು. ಬೆನ್ನ ಮೇಲೆ ಜೋತುಬಿದ್ದ ಹುಡ್‌ಗೂ ಒಮ್ಮೆ ಚಿಮ್ಮಿಸಿ ನೋಡಿ; ಅಲ್ಲಿ ಬಿದ್ದದ್ದು ಬಹುತೇಕ ತಿಳಿಯುವುದೇ ಇಲ್ಲ. ಬಿಚ್ಚಿಡಬಹುದಾದ ಅಥವಾ ಕಾಲರ್ ಒಳಗೆ ಸುತ್ತಿಡಬಹುದಾದ ಹುಡ್ ಇರುವ ಜಾಕೆಟ್ ಕೊಳ್ಳಿ. ತಲೆಗೇರಿಸಿದ ಹುಡ್ ಪಕ್ಕದ ನೋಟವನ್ನೂ ಕಿವಿಯನ್ನೂ ಮುಚ್ಚುತ್ತದೆ, ಕಾಡಿನಲ್ಲಿ ಇವೆರಡೂ ಬೇಕು.

ಎರಡನೆಯ ತೊಂದರೆ ಸೆಕೆ. ಜನವರಿಯ ಬೆಳಿಗ್ಗೆ ನಾಲ್ಕೈದು ಡಿಗ್ರಿ ಚಳಿಯಲ್ಲಿ ನಿಂತು ಸುರಕ್ಷತಾ ಸೂಚನೆ ಕೇಳುವಾಗ ಯಾವ ಜಾಕೆಟ್ಟೂ ಸಾಲದೆನಿಸುತ್ತದೆ. ಆಟ ಶುರುವಾಗಿ ಎರಡು ಸಲ ಓಡಿದರೆ ಬೆನ್ನು ಬೆವರುತ್ತದೆ. ಆ ಬೆವರಿನ ಹಬೆ ಕಾಲರ್ ಸಂದಿಯಿಂದ ಮೇಲೆದ್ದು ತಣ್ಣಗಿನ ಗಾಗಲ್ಸ್ ಗಾಜಿಗೆ ತಾಗಿ ಮಂಜು ಕಟ್ಟುತ್ತದೆ. ಆಟದ ಜಾಗದಲ್ಲಿ ಗಾಗಲ್ಸ್ ತೆಗೆಯುವಂತಿಲ್ಲ, ತೆಗೆದರೆ ಆಟದ ಮೇಲ್ವಿಚಾರಕರಾದ ಮಾರ್ಷಲ್‌ಗಳು ಹೊರಗೆ ಕಳಿಸುತ್ತಾರೆ. ಗಾಜಿಗೆ ಬಗೆಬಗೆಯ ದ್ರಾವಣ ಹಚ್ಚಿ ಬೇಸತ್ತವರ ತೊಂದರೆಯ ಮೂಲ ಅನೇಕ ಸಲ ಜಾಕೆಟ್ಟಿನಲ್ಲಿರುತ್ತದೆ. ಕಂಕುಳಲ್ಲಿ ಗಾಳಿಯಾಡುವ ಜಿಪ್ ಇರಲಿ, ಮುಂದಿನ ಜಿಪ್ ಕೆಳಗಿನಿಂದಲೂ ತೆರೆಯುವಂತಿರಲಿ. ನಿಂತಾಗ ತುಸು ಚಳಿ ಎನಿಸುವಷ್ಟು ಮಾತ್ರ ತೊಟ್ಟು ಆಟಕ್ಕಿಳಿಯಿರಿ.

ಅಂದಹಾಗೆ, ಯಾವ ಜಾಕೆಟ್ಟೂ ಕಣ್ಣಿನ ರಕ್ಷಣೆಗೆ ಬದಲಿಯಲ್ಲ. ಇಎನ್ 166 ಎಂಬ ಯುರೋಪಿನ ಮಾನದಂಡದ ಗಾಗಲ್ಸ್ ಮೇಲೆ ‘ಎಫ್’ ಗುರುತಿದ್ದರೆ ಅದು ಸೆಕೆಂಡಿಗೆ 45 ಮೀಟರ್ ಹೊಡೆತಕ್ಕೆ ಪರೀಕ್ಷಿಸಿದ್ದು, ‘ಬಿ’ ಇದ್ದರೆ 120 ಮೀಟರ್‌ಗೆ. 350 ಅಡಿ ಎಂದರೆ ಸುಮಾರು 107 ಮೀಟರ್. ‘ಬಿ’ ಗುರುತಿನದೇ ಬೇಕು.

ಈಗ ಬಟ್ಟೆ. ಒಂದೇ ಜಾಕೆಟ್ ಕೊಳ್ಳುವುದಾದರೆ ಅಸ್ತರಿಲ್ಲದ, ಒತ್ತಾಗಿ ನೇಯ್ದ, ಗಾಳಿ ತಡೆಯುವ ಸ್ಮಾಕ್ (ಸೈನಿಕರು ತೊಡುವಂಥ ಸಡಿಲ ಹೊರಜಾಕೆಟ್) ಕೊಳ್ಳಿ ಎನ್ನುವುದು ನಮ್ಮ ಖಚಿತ ಸಲಹೆ. ಹತ್ತಿ ಮತ್ತು ಪಾಲಿಯೆಸ್ಟರ್ ಅಥವಾ ಹತ್ತಿ ಮತ್ತು ನೈಲಾನ್ ಬೆರಕೆಯ ಬಟ್ಟೆ ಮುಳ್ಳಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಸದ್ದು ಮಾಡುವುದಿಲ್ಲ, ಬೆವರು ಹೊರಬಿಡುತ್ತದೆ, ಬಿಬಿ ತಗುಲಿದರೆ ತಿಳಿಸುತ್ತದೆ. ರಿಪ್‌ಸ್ಟಾಪ್ ನೇಯ್ಗೆಯಾದರೆ ಇನ್ನೂ ಒಳ್ಳೆಯದು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ದಪ್ಪ ಎಳೆಗಳ ಸಣ್ಣ ಚೌಕಗಳು ಕಾಣುತ್ತವೆ, ಹರಿದರೂ ಹರಕು ಆ ಎಳೆಯ ಬಳಿ ನಿಲ್ಲುತ್ತದೆ. ಗಾಳಿ ತಡೆಯುತ್ತದೆಯೇ ಎಂದು ನೋಡಲು ಬಟ್ಟೆಯನ್ನು ತುಟಿಗೊತ್ತಿ ಜೋರಾಗಿ ಊದಿ. ಆ ಬದಿಯ ಅಂಗೈಗೆ ಗಾಳಿ ತಾಕಬಾರದು. ಬೆಚ್ಚಗಿರಲು ಒಳಗೆ ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆಯ ಬನಿಯನ್, ತೀರಾ ಚಳಿಯಿದ್ದರೆ ಅದರ ಮೇಲೊಂದು ತೆಳು ಫ್ಲೀಸ್. ಹತ್ತಿಯ ಟೀಶರ್ಟ್ ಬೇಡ. ಒಮ್ಮೆ ಬೆವರು ಕುಡಿದರೆ ಸಂಜೆಯವರೆಗೂ ಒದ್ದೆಯಾಗಿಯೇ ಇದ್ದು ಮೈ ಕೊರೆಯುತ್ತದೆ.

ಸಾಫ್ಟ್‌ಶೆಲ್ (ಮೃದು ಬಟ್ಟೆಯ ಹೊರಜಾಕೆಟ್) ಕೂಡ ನಡೆಯುತ್ತದೆ, ಆದರೆ ಅಗ್ಗದವುಗಳಲ್ಲಿ ಹೊರಬಟ್ಟೆಗೂ ಒಳಗಿನ ಫ್ಲೀಸ್‌ಗೂ ನಡುವೆ ಗಾಳಿಯಾಡದ ಹಾಳೆ ಅಂಟಿಸಿರುತ್ತಾರೆ. ಬೆವರು ಒಳಗೇ ಉಳಿಯುತ್ತದೆ. ಬರೀ ಫ್ಲೀಸ್ ಹೊರಜಾಕೆಟ್ಟಾಗಿ ಬೇಡ, ಬ್ರಿಟನ್ನಿನ ಬ್ರ್ಯಾಂಬಲ್ ಮುಳ್ಳುಪೊದೆ ಅದನ್ನು ಎಳೆಎಳೆಯಾಗಿ ಕಿತ್ತುಬಿಡುತ್ತದೆ.

ಮಳೆಯ ವಿಷಯದಲ್ಲಿ ಲೇಬಲ್ಲಿನ ಅಂಕಿ ನೋಡಿ ಮರುಳಾಗಬೇಡಿ. 10,000 ಮಿ.ಮೀ. ಎಂದರೆ ಅಷ್ಟೆತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯಿತು ಎಂದರ್ಥ. ಹೊಲಿಗೆಗಳಿಗೆ ಒಳಗಿನಿಂದ ಟೇಪ್ ಹಾಕಿರದಿದ್ದರೆ ನೀರು ಸೂಜಿ ತೂತಿನಿಂದ ಬರುತ್ತದೆ. ಮುಳ್ಳು ಚುಚ್ಚಿದ ಜಲನಿರೋಧಕ ಪೊರೆಯದೂ ಅದೇ ಕಥೆ. ಜೊತೆಗೆ ಹಾರ್ಡ್‌ಶೆಲ್, ಅಂದರೆ ಇಂಥ ಪೊರೆಯ ಗಟ್ಟಿ ಮಳೆಜಾಕೆಟ್, ಪ್ರತಿ ಹೆಜ್ಜೆಗೂ ಪರಪರ ಎನ್ನುತ್ತದೆ. ಅಂಗಡಿಯಲ್ಲಿ ತೋಳನ್ನು ಪಕ್ಕೆಗೆ ಉಜ್ಜಿ ಕೇಳಿ. ಎರಡು ಮಾರು ದೂರದವರಿಗೆ ಕೇಳಿಸಿದರೆ ಪೊದೆಯಲ್ಲಿ ಅಡಗುವ ಮಾತೇ ಇಲ್ಲ. ತುಂತುರಿನಲ್ಲಿ ಸ್ಮಾಕ್‌ನಲ್ಲೇ ಆಡಿ, ಮೈಶಾಖಕ್ಕೆ ಆರುತ್ತದೆ. ಬಿರುಮಳೆಗೆ ಮಡಚಿ ಜೇಬಿಗೆ ಹೋಗುವ ತೆಳು ರೇನ್‌ಕೋಟ್ ಇಟ್ಟುಕೊಳ್ಳಿ, ಮಧ್ಯಾಹ್ನಕ್ಕೆ ಒಣ ಬನಿಯನ್ ಒಂದು ಹೆಚ್ಚಿಗೆ ಇರಲಿ.

ಅಳತೆ ನೋಡುವಾಗ ಸಾಮಾನು ಹೊರಲು ಎದೆಗೆ ಕಟ್ಟುವ ನಿಮ್ಮ ಚೆಸ್ಟ್ ರಿಗ್ ಅಥವಾ ಪ್ಲೇಟ್ ಕ್ಯಾರಿಯರ್ ಕಟ್ಟಿಕೊಂಡೇ ನೋಡಿ. ಗನ್ ಹೆಗಲಿಗೇರಿಸಿದಂತೆ ಎರಡೂ ಕೈ ಮುಂದಕ್ಕೆ ಚಾಚಿ: ತೋಳು ಮಣಿಕಟ್ಟಿನಿಂದ ಹಿಂದೆ ಸರಿಯಬಾರದು, ಬೆನ್ನು ಬಿಗಿಯಬಾರದು. ಕುಕ್ಕರಗಾಲಲ್ಲಿ ಕೂತಾಗ ಸೊಂಟ ಬಯಲಾಗಬಾರದು. ಕೆನ್ನೆಯನ್ನು ಗನ್ನಿನ ಹಿಂಬದಿಗೆ (ಸ್ಟಾಕ್‌ಗೆ) ಒತ್ತಿದಾಗ ಕಾಲರ್ ಮುಖಕವಚವನ್ನು ಮೇಲಕ್ಕೆ ತಳ್ಳುತ್ತಿದ್ದರೆ ಆ ಜಾಕೆಟ್ ಬಿಡಿ. ಕವಚ ಸರಿದರೆ ಉಸಿರು ನೇರ ಗಾಗಲ್ಸ್‌ಗೆ ನುಗ್ಗುತ್ತದೆ. ಎದೆಯ ಜೇಬು ರಿಗ್ ಅಡಿ ಹೂತುಹೋಗುತ್ತದೆ, ಸೊಂಟದ ಜೇಬಿಗೆ ಬೆಲ್ಟ್ ಅಡ್ಡ. ನಿಜಕ್ಕೂ ಉಪಯೋಗಕ್ಕೆ ಬರುವುದು ತೋಳಿನ ಮೇಲ್ಭಾಗದ ಜೇಬು. ಹಿಟ್ ಆದಾಗ ಎತ್ತಿ ತೋರಿಸುವ ಕೆಂಪು ಬಟ್ಟೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಬ್ರಿಟಿಷ್ ಸೇನೆಯ ಸರ್ಪ್ಲಸ್ ಸ್ಮಾಕ್‌ಗಳ ಲೇಬಲ್ಲಿನಲ್ಲಿ 180/96 ಎಂಬಂತೆ ಬರೆದಿರುತ್ತದೆ: ಮೊದಲನೆಯದು ಎತ್ತರ, ಎರಡನೆಯದು ಎದೆಸುತ್ತು, ಎರಡೂ ಸೆಂಟಿಮೀಟರಿನಲ್ಲಿ. ಪದರದ ಮೇಲೆ ತೊಡಲೆಂದೇ ಸಡಿಲವಾಗಿ ಕತ್ತರಿಸಿರುವುದರಿಂದ ನಿಮ್ಮ ನಿಜವಾದ ಅಳತೆಯನ್ನೇ ಕೊಳ್ಳಿ. ಅಂಗಡಿಯ ಸಾಫ್ಟ್‌ಶೆಲ್ ಮೈಗಂಟುವಂತಿರುತ್ತದೆ, ಅದಕ್ಕೆ ಒಂದು ಅಳತೆ ದೊಡ್ಡದು ಬೇಕು. ಹಳೆಯ ಸ್ಮಾಕ್ ಕೊಳ್ಳುವಾಗ ಜಿಪ್ಪನ್ನು ಮೂರ್ನಾಲ್ಕು ಸಲ ಎಳೆದು, ಮೊಣಕೈ ಸವೆದಿದೆಯೇ, ಕಫ್‌ನ ವೆಲ್ಕ್ರೋ ಇನ್ನೂ ಹಿಡಿಯುತ್ತದೆಯೇ ನೋಡಿ. ಕಫ್ ಬಿಗಿಯಾಗಿ ಮುಚ್ಚಲೇಬೇಕು, ಕಾಡಿನಲ್ಲಿ ರಕ್ತ ಹೀರುವ ಉಣ್ಣೆಹುಳು (ಉಣುಗು) ಒಳಹೋಗುವುದು ಅಲ್ಲಿಂದ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಈ ಎಚ್ಚರಿಕೆ ಹೊಸದಲ್ಲ. ಬ್ರಿಟನ್ನಿನಲ್ಲಿ ಅವು ಹರಡುವುದು ಲೈಮ್ ರೋಗ.

ಬಣ್ಣಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 2010ರಿಂದ ಬ್ರಿಟಿಷ್ ಸೇನೆ ಬಳಸುವ ಎಂಟಿಪಿ, ಅದಕ್ಕೂ ಹಿಂದಿನ ಡಿಪಿಎಂ, ಜರ್ಮನಿಯ ಫ್ಲೆಕ್‌ಟಾರ್ನ್ ಈ ಮರೆಬಣ್ಣದ ಮಾದರಿಗಳೆಲ್ಲವೂ ಕಾಡಿಗೆ ಒಗ್ಗುತ್ತವೆ. ಸಾದಾ ಆಲಿವ್ ಹಸಿರೂ ಸಾಕು. ಕಪ್ಪು ಮಾತ್ರ ಬೇಡ, ಮರಗಳ ನಡುವೆ ಮನುಷ್ಯಾಕೃತಿ ಎದ್ದು ಕಾಣುತ್ತದೆ. ಊರಿಗೆ ಬರುವಾಗ ಸೇನೆಯ ಮಾದರಿಯದನ್ನು ಅಲ್ಲೇ ಬಿಟ್ಟು ಬನ್ನಿ. ಸೈನಿಕನೆಂದು ನಂಬಿಸಲು ಸೇನೆಯ ಉಡುಪು ತೊಡುವುದು ಇಲ್ಲಿ ಅಪರಾಧ, ಸುಮ್ಮನೆ ತೊಟ್ಟಿದ್ದೆ ಎಂದು ವಿವರಿಸುವ ಪಾಡು ಬೇಡ.

ಒಗೆಯುವಾಗ ಮೊದಲು ಕೆಸರು ಪೂರ್ತಿ ಒಣಗಲಿ, ಬ್ರಷ್‌ನಿಂದ ಉದುರಿಸಿ. ಜಿಪ್, ವೆಲ್ಕ್ರೋ ಮುಚ್ಚಿ, ಒಳಹೊರಗು ಮಾಡಿ, 30 ಡಿಗ್ರಿ ನೀರಿನಲ್ಲಿ ಒಗೆಯಿರಿ. ಬಿಳುಪು ಹೆಚ್ಚಿಸುವ ಡಿಟರ್ಜೆಂಟ್ ಮರೆಬಣ್ಣವನ್ನು ಹೊಳೆಸುತ್ತದೆ, ಫ್ಯಾಬ್ರಿಕ್ ಕಂಡಿಷನರ್ ನೀರು ಜಾರಿಸುವ ಲೇಪವನ್ನು ಕೆಡಿಸುತ್ತದೆ, ಎರಡೂ ಬೇಡ. ಒಣಗಿದ ಮೇಲೆ ಹೆಗಲಿಗೆ ಒಂದು ಚಮಚ ನೀರು ಹಾಕಿ ನೋಡಿ. ಹನಿಯಾಗಿ ಉರುಳದೆ ಹೀರಿಕೊಂಡರೆ ಲೇಪವನ್ನು ಮತ್ತೆ ಕೊಡಬೇಕು, ಮುಂದಿನ ಆಟಕ್ಕೆ ಎರಡು ದಿನ ಇರುವಾಗಲೇ.