ಹಳೆಯ ಪಿಕಪ್‌ನ ಉದ್ದ ಸೀಟು: ರೆಕ್ಸಿನ್ ಕೊಳ್ಳುವ ಮೊದಲು ಆಗಬೇಕಾದ ಕೆಲಸ

ಹಳೆಯ ಪಿಕಪ್‌ನ ಸೀಟು ಕುಸಿದು ಚಾಲಕನ ಬದಿಯಲ್ಲಿ ಗುಂಡಿ ಬಿದ್ದೊಡನೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಬಹುತೇಕರು ಮೊದಲು ಹೋಗುವುದು ರೆಕ್ಸಿನ್ ಅಂಗಡಿಗೆ. ಬಣ್ಣ ಆರಿಸಿ, ಅಳತೆ ಕೊಟ್ಟು, ಹರಿದ ಹೊದಿಕೆಯ ಮೇಲೆಯೇ ಹೊಸದನ್ನು ಎಳೆಸಿಕೊಂಡು ಬರುತ್ತಾರೆ; ಒಂದು ಮಳೆಗಾಲ ಕಳೆಯುವುದರೊಳಗೆ ಅದೇ ಗುಂಡಿ ಹೊಸ ರೆಕ್ಸಿನ್‌ನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಸೀಟು ಕೆಡುವುದು ಕೆಳಗಿನಿಂದ, ಆದ್ದರಿಂದ ಅದನ್ನು ಕಟ್ಟುವುದೂ ಕೆಳಗಿನಿಂದಲೇ ಆಗಬೇಕು: ಮೊದಲು ಚೌಕಟ್ಟು, ಆಮೇಲೆ ಸ್ಪ್ರಿಂಗು, ಗೋಣಿತಟ್ಟು, ಫೋಮು, ಕಟ್ಟಕಡೆಗೆ ಹೊದಿಕೆ. ಚೌಕಟ್ಟನ್ನೇ ಎಸೆದು ಹೊಸ ಕಾರಿನ ಎರಡು ಬಿಡಿ ಸೀಟುಗಳನ್ನು ಕೂರಿಸುವ ಯೋಚನೆ ಇದ್ದವರು ಒಂದು ಮಾತನ್ನು ನೆನಪಿಡಬೇಕು. 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಗಾಡಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಅದು ಮೂಲ ರೂಪದಲ್ಲಿ ಉಳಿದಿರಬೇಕು. ನೋಂದಣಿಯ ಆಸೆ ಇಲ್ಲದಿದ್ದರೂ ಮೂಲ ಚೌಕಟ್ಟನ್ನು ಗುಜರಿಗೆ ಹಾಕಬಾರದು ಎಂಬುದು ನನ್ನ ಖಚಿತ ಸಲಹೆ, ಏಕೆಂದರೆ ಅಂಥದ್ದು ಮತ್ತೆ ಸಿಗುವುದಿಲ್ಲ.

ಬಿಚ್ಚುವುದು

ಪಾನಾ ಹಿಡಿಯುವ ಮೊದಲು ಪೆಟ್ರೋಲ್ ಟ್ಯಾಂಕು ಎಲ್ಲಿದೆ ಎಂದು ನೋಡಿಕೊಳ್ಳಿ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇರುತ್ತದೆ. ಅಮೆರಿಕದ ಕೆಲವು ಹಳೆಯ ಪಿಕಪ್‌ಗಳಲ್ಲಿ ಅದು ಕ್ಯಾಬಿನ್ನಿನೊಳಗೆ, ಬೆನ್ನೊರಗಿನ ಹಿಂದೆ ಇರುತ್ತದೆ. ತುಕ್ಕು ಹಿಡಿದ ಬೋಲ್ಟನ್ನು ಗ್ರೈಂಡರಿನಿಂದ ಕತ್ತರಿಸುವ ಅಥವಾ ಗ್ಯಾಸ್ ಬೆಂಕಿಯಿಂದ ಕಾಯಿಸುವ ಆತುರವನ್ನು ಅಂಥ ಗಾಡಿಯಲ್ಲಿ ಯಾವ ಕಾರಣಕ್ಕೂ ತೋರಬಾರದು. ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿಟ್ಟರೆ ಬೋಲ್ಟುಗಳು ತಾವಾಗಿ ಮಾತು ಕೇಳುತ್ತವೆ. ಹಳೆಯ ಹೊದಿಕೆಯನ್ನು ಹಿಡಿದಿರುವ ಉಕ್ಕಿನ ಉಂಗುರಗಳನ್ನು ಇಕ್ಕಳದಿಂದ ಕತ್ತರಿಸಿ ತೆಗೆಯಿರಿ, ಆದರೆ ಹೊದಿಕೆಯನ್ನು ಹರಿಯಬೇಡಿ. ಅದು ಎಷ್ಟೇ ಚಿಂದಿಯಾಗಿದ್ದರೂ ಮುಂದೆ ಅಳತೆಗೆ ಅದೇ ಆಧಾರ.

ಸಂಡೂರು ಕಡೆ ಗಣಿಯಲ್ಲಿ ದುಡಿದ ಗಾಡಿಯಾದರೆ ಚೌಕಟ್ಟಿನ ಮೂಲೆಮೂಲೆಯಲ್ಲಿ ಅದಿರಿನ ಕೆಂಪು ಧೂಳು ಎಣ್ಣೆಯೊಂದಿಗೆ ಬೆರೆತು ಗಟ್ಟಿಯಾಗಿ ಕೂತಿರುತ್ತದೆ. ನೋಡುವವರಿಗೆ ಅದು ತುಕ್ಕಿನಂತೆಯೇ ಕಾಣುವುದರಿಂದ ಒಳ್ಳೆಯ ಚೌಕಟ್ಟನ್ನು ಕೊಳೆತಿದೆ ಎಂದು ಬಿಸಾಡಿದವರೂ ಇದ್ದಾರೆ, ನಿಜವಾಗಿ ಕೊಳೆತದ್ದನ್ನು ಧೂಳೆಂದು ಬಿಟ್ಟವರೂ ಇದ್ದಾರೆ. ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತಂತಿ ಬ್ರಷ್ಷಿನಿಂದ ಉಜ್ಜಿದ ಮೇಲಷ್ಟೇ ತೀರ್ಮಾನಕ್ಕೆ ಬನ್ನಿ. ಬೆನ್ನೊರಗು ಸೇರುವ ಕಡೆ ಬಿರುಕಿದ್ದರೆ ಸ್ಪ್ರಿಂಗುಗಳನ್ನು ಪೂರ್ತಿ ಕಳಚಿದ ಬಳಿಕ, ಗಾಡಿಯಿಂದ ಹೊರಗೆ, ಬೆಸುಗೆ ಹಾಕಿಸಿ. ಆಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಬಣ್ಣ.

ಸ್ಪ್ರಿಂಗಿನಿಂದ ಫೋಮಿನವರೆಗೆ

ಹೆಚ್ಚಿನ ಸೀಟುಗಳು ಹಾಳಾಗುವುದು ಈ ಹಂತದಲ್ಲಿ. ಹಳೆಯ ಸೀಟುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸ್ಪ್ರಿಂಗುಗಳಿರುತ್ತವೆ: ನಿಂತಿರುವ ಸುರುಳಿಗಳು, ಇಲ್ಲವೇ ಚೌಕಟ್ಟಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಅಂಕುಡೊಂಕಾಗಿ ಬಾಗಿಸಿ ಎಳೆದ ತಂತಿಗಳು. ಯಾವುದೇ ಇರಲಿ, ನೇರವಾದ ಮರದ ಪಟ್ಟಿಯೊಂದನ್ನು ಸೀಟಿನ ಉದ್ದಕ್ಕೆ ಇಟ್ಟು ಕಣ್ಣಿನ ಮಟ್ಟದಿಂದ ನೋಡಿದರೆ ದಣಿದ ಸ್ಪ್ರಿಂಗುಗಳು ಪಟ್ಟಿಯಿಂದ ಕೆಳಗೆ ಸರಿದಿರುವುದು ಕಾಣುತ್ತದೆ. ಅವು ಬಹುಪಾಲು ಚಾಲಕನ ಬದಿಯವೇ ಆಗಿರುತ್ತವೆ. ಸುರುಳಿಗಳೆಲ್ಲ ಒಂದೇ ಅಳತೆಯವಾಗಿದ್ದರೆ, ಅಷ್ಟಾಗಿ ಭಾರ ಕಾಣದ ನಡುವಿನ ಸುರುಳಿಗಳನ್ನು ಚಾಲಕನ ಬದಿಗೂ, ದಣಿದವನ್ನು ನಡುವಿಗೂ ಬದಲಿಸುವುದು ಅಗ್ಗದ ಮತ್ತು ಒಳ್ಳೆಯ ಉಪಾಯ.

ಮುರಿದ ಸ್ಪ್ರಿಂಗಿಗೆ ಬೆಸುಗೆ ಹಾಕಿಸಬೇಡಿ. ಸ್ಪ್ರಿಂಗಿನ ಉಕ್ಕು ತನ್ನ ಪುಟಿತವನ್ನು ಪಡೆಯುವುದು ಹದ ಮಾಡಿದ ರೀತಿಯಿಂದ. ಬೆಸುಗೆಯ ಶಾಖ ಆ ಹದವನ್ನು ಕೆಡಿಸುವುದರಿಂದ ಬೆಸೆದ ಜಾಗದ ಪಕ್ಕದಲ್ಲಿಯೇ ಅದು ಮತ್ತೆ ಮುರಿಯುತ್ತದೆ, ಮುರಿದ ತುದಿ ಫೋಮನ್ನು ಸೀಳಿಕೊಂಡು ಮೇಲೆ ಬರುತ್ತದೆ. ಗುಜರಿಯಿಂದ ಅದೇ ಎತ್ತರದ, ಅದೇ ದಪ್ಪದ ತಂತಿಯ ಸ್ಪ್ರಿಂಗು ಹುಡುಕಿ ತರುವುದೇ ದಾರಿ. ಸುರುಳಿಗಳನ್ನು ಒಂದಕ್ಕೊಂದು ಹಿಡಿದಿದ್ದ ಕ್ಲಿಪ್ಪುಗಳು ಕಳಚಿದ್ದರೆ ಮನೆ ಕಟ್ಟುವವರು ಕಬ್ಬಿಣ ಕಟ್ಟಲು ಬಳಸುವ ಬೈಂಡಿಂಗ್ ತಂತಿಯಿಂದ ಬಿಗಿದುಬಿಡುವ ಅಭ್ಯಾಸ ಬಹಳ ಗ್ಯಾರೇಜುಗಳಲ್ಲಿದೆ. ತಂತಿಗೆ ತಂತಿ ಉಜ್ಜಿ ಕಿರುಗುಟ್ಟುತ್ತದೆ, ಬಾಗಿ ಬಾಗಿ ತುಂಡಾಗುತ್ತದೆ, ತುಂಡಾದ ತುದಿ ಒಂದು ದಿನ ಕೂತವರ ಪ್ಯಾಂಟನ್ನು ಹುಡುಕಿಕೊಂಡು ಬರುತ್ತದೆ. ಅದರ ಬದಲು ದಪ್ಪ ನೈಲಾನ್ ಹುರಿಯಿಂದ ಪ್ರತಿ ಸುರುಳಿಯ ತಲೆಗೂ ಗಂಟು ಹಾಕುತ್ತಾ ಉದ್ದಕ್ಕೊಂದು ಸಾಲು, ಅಡ್ಡಕ್ಕೊಂದು ಸಾಲು ಕಟ್ಟಿ. ಅಂಕುಡೊಂಕಿನ ಸ್ಪ್ರಿಂಗುಗಳ ಕೆಳಗೆ ಸೈಕಲ್ ಟ್ಯೂಬ್ ನೇಯುವವರೂ ಇದ್ದಾರೆ. ನಮ್ಮ ಬಿಸಿಲಿಗೆ ಆ ರಬ್ಬರು ಬೇಗ ಒಣಗಿ ಬಿರಿಯುತ್ತದೆ, ಅದಕ್ಕೆ ಪಡುವ ಶ್ರಮ ದಂಡ.

ಸ್ಪ್ರಿಂಗಿನ ಮೇಲೆ ನೇರವಾಗಿ ಫೋಮು ಬರಬಾರದು. ಬಂದರೆ ಪ್ರತಿ ಕುಲುಕಿಗೂ ತಂತಿ ಫೋಮಿನೊಳಗೆ ಇಳಿಯುತ್ತಾ ಅದನ್ನು ಪುಡಿ ಮಾಡುತ್ತದೆ. ಸೀಟಿನ ಕೆಳಗೆ ಹಳದಿ ಹಿಟ್ಟು ಉದುರಿದ್ದರೆ ಅಲ್ಲಿ ಆಗಿರುವುದು ಇದೇ. ಇದನ್ನು ತಡೆಯುವುದು ಸೆಣಬಿನ ಗೋಣಿತಟ್ಟು. ಗಂಗಾವತಿ, ಸಿರುಗುಪ್ಪದ ಕಡೆ ಅಕ್ಕಿಯ ವ್ಯಾಪಾರ ಇರುವುದರಿಂದ ಚೀಲಕ್ಕೆ ಬರವಿಲ್ಲ, ಆದರೆ ಈಗ ಕೈಗೆ ಸುಲಭವಾಗಿ ಸಿಗುವ ಪ್ಲಾಸ್ಟಿಕ್ ನೂಲಿನ ಬಿಳಿ ಚೀಲ ಈ ಕೆಲಸಕ್ಕೆ ಬಾರದು: ಅದು ಜಾರುತ್ತದೆ, ಸದ್ದು ಮಾಡುತ್ತದೆ, ಅಂಚಿನಲ್ಲಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ರಸಗೊಬ್ಬರ ತುಂಬಿದ್ದ ಚೀಲವಂತೂ ಬೇಡವೇ ಬೇಡ, ಅದರ ಉಪ್ಪಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಸೆಣಬಿನ ತಟ್ಟಿನ ಅಂಚನ್ನು ಎರಡು ಮಡಿಕೆ ಮಾಡಿ, ದಬ್ಬಣ ಮತ್ತು ಸುತಳಿಯಿಂದ ಸುತ್ತಲಿನ ಅಂಚು ತಂತಿಗೆ ಹೊಲಿಯಿರಿ. ನಡುವೆ ಅಲ್ಲಲ್ಲಿ ಸುರುಳಿಯ ತಲೆಗೂ ಒಂದೊಂದು ಹೊಲಿಗೆ ಇರಲಿ. ಅಂಗೈಯಿಂದ ಒತ್ತಿದರೆ ತಟ್ಟು ಸುರುಳಿಗಳ ಸಂದಿಗೆ ಇಳಿಯದಂತೆ ಬಿಗಿಯಾಗಿರಬೇಕು, ಹಾಗೆಂದು ಸ್ಪ್ರಿಂಗುಗಳು ಕೂತವರ ಭಾರಕ್ಕೆ ಇಳಿಯುವುದೇ ಕಷ್ಟವಾಗುವಷ್ಟು ಎಳೆಯಬಾರದು.

ತಟ್ಟಿನ ಮೇಲೆ 2 ಇಂಚು ರೀಬಾಂಡೆಡ್ ಫೋಮು, ಅಂದರೆ ಚೂರುಗಳನ್ನು ಒತ್ತಿ ಮಾಡಿದ ಬಣ್ಣಬಣ್ಣದ ಗಟ್ಟಿ ಹಾಳೆ. ಅದರ ಮೇಲೆ 2 ಇಂಚು 40 ಡೆನ್ಸಿಟಿಯ ಫೋಮು. ಗಾದಿ ಮಾಡುವವರಿಂದ ಹತ್ತಿ ತುಂಬಿಸುವುದು ನಮ್ಮ ಹತ್ತಿ ಸೀಮೆಯ ಹಳೆಯ ರೂಢಿಯಾದರೂ ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಹತ್ತಿ ಗಂಟುಗಟ್ಟುತ್ತದೆ, ಜೊತೆಗೆ ನಿಂತ ಗಾಡಿಯೊಳಗೆ ಇಲಿಗಳಿಗೆ ಮನೆಯಾಗುತ್ತದೆ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬ ಲೆಕ್ಕವೇ ಹೊರತು ಅದು ಎಷ್ಟು ಗಟ್ಟಿ ಎಂಬುದಲ್ಲ. ಈ ಲೆಕ್ಕ ತಿಳಿದಿದ್ದರೆ “ಇದು ಫಾರ್ಟಿ ಡೆನ್ಸಿಟಿನೇ ಅಣ್ಣಾ” ಎಂಬ ಮಾತನ್ನು ತಕ್ಕಡಿಯಲ್ಲಿಯೇ ಪರೀಕ್ಷಿಸಬಹುದು: 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಇಂಚು ದಪ್ಪದ ತುಂಡು ಒಂದು ಘನ ಅಡಿಯಾಗುತ್ತದೆ, 40 ಡೆನ್ಸಿಟಿಯದಾದರೆ ಅದು ಸುಮಾರು 1.13 ಕಿಲೋ ತೂಗಬೇಕು, 900 ಗ್ರಾಂ ತೂಗಿದರೆ ಅದು 32ರ ಮಾಲು. ತೂಕ ಹೆಚ್ಚಿಸಲು ಸುಣ್ಣದ ಪುಡಿ ಬೆರೆಸಿದ ಫೋಮೂ ಮಾರುಕಟ್ಟೆಯಲ್ಲಿ ಇರುವುದರಿಂದ, ಕತ್ತರಿಸಿದ ಅಂಚನ್ನು ಕಪ್ಪು ಬಟ್ಟೆಗೆ ಉಜ್ಜಿ ಬಿಳಿ ಪುಡಿ ಉದುರುವುದೇ ಎಂದೂ ನೋಡಿಕೊಳ್ಳಿ.

ಅಂಟು ಹಚ್ಚುವ ಮೊದಲು ಎರಡೂ ಪದರಗಳನ್ನು ಸುಮ್ಮನೆ ಇಟ್ಟು ಸೀಟನ್ನು ಗಾಡಿಯಲ್ಲಿ ಕೂರಿಸಿ, ನೀವೇ ಕೂತು, ಕ್ಲಚ್ಚನ್ನು ತಳದವರೆಗೆ ತುಳಿದು ನೋಡಿ. ಹಳೆಯ ಗಾಡಿಗಳ ಸ್ಟೀರಿಂಗ್ ಚಕ್ರ ದೊಡ್ಡದು; ಫೋಮು ಒಂದು ಇಂಚು ಹೆಚ್ಚಾದರೂ ತೊಡೆ ಚಕ್ರಕ್ಕೆ ತಾಗುತ್ತದೆ. ಎತ್ತರ ಸರಿಯೆನಿಸಿದರೆ ಮುಂದಿನ ಅಂಚನ್ನು ಉದ್ದ ಅಲಗಿನ ಚಾಕುವಿನಿಂದ ದುಂಡಗೆ ಕೊಯ್ದು, ಫೆವಿಕಾಲ್ ಎಸ್‌ಆರ್ 998ರಂಥ ರಬ್ಬರ್ ಅಂಟನ್ನು ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಜಿಗುಟಾಗಿ ತಗುಲಿದರೂ ಮೆತ್ತಿಕೊಳ್ಳದ ಹದಕ್ಕೆ ಬಂದಾಗ ಜೋಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಈ ಹದ ಬಹಳ ಬೇಗ ಬಂದು ಬೇಗ ಹೋಗುವುದರಿಂದ ಬೆಳಗಿನ ಹೊತ್ತು ಈ ಕೆಲಸ ಮುಗಿಸುವುದು ಒಳ್ಳೆಯದು. ಬಾಗಿಲು ಕಿಟಕಿ ತೆರೆದಿರಲಿ, ಹತ್ತಿರ ಬೀಡಿ ಬೆಂಕಿ ಬೇಡ. ಮರಕ್ಕೆ ಬಳಸುವ ಬಿಳಿ ಫೆವಿಕಾಲ್ ಇಲ್ಲಿ ಹಿಡಿಯುವುದಿಲ್ಲ.

ಹೊದಿಕೆ

ಕಪ್ಪು ರೆಕ್ಸಿನ್ ಬೇಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಕಪ್ಪು ಸೀಟಿನ ಮೇಲೆ ಕೂತವರಿಗೆ ಕಾರಣ ಹೇಳಬೇಕಿಲ್ಲ. ಅಂಚುಗಳಿಗೆ ತಿಳಿ ಕಂದು ಅಥವಾ ಬೂದು ರೆಕ್ಸಿನ್, ಕೂರುವ ನಡುಭಾಗಕ್ಕೆ ಗಾಳಿಯಾಡುವ ದಪ್ಪ ಕ್ಯಾನ್ವಾಸ್ ಎಂಬುದು ನನ್ನ ಆಯ್ಕೆ. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ಸುಲಭವಾಗಿ ಸಿಗುತ್ತದೆಂದು ಅದನ್ನೇ ಹಾಕಿಸುವವರಿದ್ದಾರೆ; ಚೆನ್ನಾಗಿ ಒಗೆಸದೆ ಹೊಲಿಸಿದರೆ, ಬೆವರಿಗೆ ಅದರ ನೀಲಿ ಬಿಟ್ಟು, ಬಿಳಿ ಧೋತರ ಉಟ್ಟ ಹಿರಿಯರು ಇಳಿಯುವಾಗ ಗಾಡಿಯವನಿಗೆ ಮುಖ ತೋರಿಸಲಾಗದ ಪರಿಸ್ಥಿತಿ ಬರುತ್ತದೆ.

ಹಳೆಯ ಹೊದಿಕೆಯ ಹೊಲಿಗೆ ಬಿಚ್ಚುವ ಮೊದಲು ಪ್ರತಿ ತುಂಡಿನ ಮೇಲೆ ಎಡ, ಬಲ, ಮುಂದೆ, ಹಿಂದೆ ಎಂದು ಬರೆಯಿರಿ. ಜೋಡಣೆಯ ಗೆರೆಗೆ ಅಡ್ಡಲಾಗಿ ಮೂರು ಬೆರಳಿಗೊಂದರಂತೆ ಗುರುತು ಎಳೆದಿದ್ದರೆ ಹೊಸ ತುಂಡುಗಳು ಹೊಲಿಯುವಾಗ ಓರೆಯಾಗುವುದಿಲ್ಲ. ತುಂಡುಗಳನ್ನು ರಟ್ಟಿನ ಮೇಲೆ ಎಳೆದುಕೊಂಡು, ಹಿಗ್ಗಿದ ಭಾಗಗಳನ್ನು ಸರಿಪಡಿಸಿ, ಸುತ್ತ ಅರ್ಧ ಇಂಚು ಹೊಲಿಗೆಗೆ ಬಿಟ್ಟು ಕತ್ತರಿಸಿ. ರೆಕ್ಸಿನ್ ಒಂದು ದಿಕ್ಕಿಗೆ ಹೆಚ್ಚು ಹಿಗ್ಗುವುದರಿಂದ ಎಲ್ಲ ತುಂಡುಗಳೂ ಥಾನಿನ ಒಂದೇ ದಿಕ್ಕಿನಲ್ಲಿರಲಿ. ಹೊಲಿಗೆಯನ್ನು ಜೀನ್ಸ್ ಹೊಲಿಯುವವರಿಗೆ ಕೊಡಬಹುದು, ಅವರ ಯಂತ್ರಕ್ಕೆ ಈ ದಪ್ಪ ಲೆಕ್ಕಕ್ಕಿಲ್ಲ. ಎರಡು ಮಾತು ಮಾತ್ರ ಮೊದಲೇ ಹೇಳಿಬಿಡಬೇಕು. ಯಂತ್ರದ ಕಬ್ಬಿಣದ ಪಾದಕ್ಕೆ ರೆಕ್ಸಿನ್ ಅಂಟುವುದರಿಂದ ಟೆಫ್ಲಾನ್ ಪಾದ ಹಾಕಿಸಬೇಕು; ಟಾಕು 4 ಮಿಲಿಮೀಟರಿನಷ್ಟು ಉದ್ದವಿರಬೇಕು, ಏಕೆಂದರೆ ಹತ್ತಿರ ಹತ್ತಿರ ಹೊಲಿದ ರೆಕ್ಸಿನ್ ಅಂಚೆಚೀಟಿಯ ಹಾಳೆಯಂತೆ ತೂತಿನ ಸಾಲಿನಲ್ಲೇ ಹರಿಯುತ್ತದೆ. ದಾರ ಪಾಲಿಯೆಸ್ಟರ್ ಆಗಿರಲಿ. ಬಿಸಿಲಿಗೆ ಅದು ನೈಲಾನ್‌ಗಿಂತ ಹೆಚ್ಚು ಬಾಳುತ್ತದೆ.

ಹೊದಿಸುವ ಮುನ್ನ ಹೊದಿಕೆಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹರಡಿದರೆ ರೆಕ್ಸಿನ್ ಮೆತ್ತಗಾಗಿ ಎಳೆತಕ್ಕೆ ಬಗ್ಗುತ್ತದೆ. ಮೊದಲು ಮುಂದಿನ ಅಂಚಿನ ನಡುವೆ ಒಂದು ಉಂಗುರ, ಅದಕ್ಕೆ ಎದುರಾಗಿ ಹಿಂದಿನ ಅಂಚಿನ ನಡುವೆ ಒಂದು, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ಮೂಲೆಗಳ ಕಡೆ ಸಾಗಬೇಕು. ಒಂದು ಮೂಲೆಯಿಂದ ಆರಂಭಿಸಿದವರ ಸುಕ್ಕೆಲ್ಲ ಇನ್ನೊಂದು ಮೂಲೆಯಲ್ಲಿ ಬಂದು ಕೂರುತ್ತದೆ, ಆಮೇಲೆ ಏನು ಎಳೆದರೂ ಹೋಗುವುದಿಲ್ಲ. ಹಾಗ್ ರಿಂಗ್ ಎಂದು ಮಾರುವ ಬಾಯಿ ತೆರೆದ ಉಕ್ಕಿನ ಉಂಗುರಗಳನ್ನೂ, ಅವನ್ನು ಮುಚ್ಚಲು ಬಾಯಲ್ಲಿ ತೋಡು ಇರುವ ಇಕ್ಕಳವನ್ನೂ ತರಿಸಿಕೊಳ್ಳಿ. ಅವುಗಳ ಬದಲು ಪ್ಲಾಸ್ಟಿಕ್ ಟೈ ಬಿಗಿದರೆ ಅದು ಬಿಸಿಗೆ ಒಣಗಿ ಒಂದೊಂದಾಗಿ ಬಿಡುತ್ತದೆ. ಉಳಿದ ಸಣ್ಣ ಸುಕ್ಕುಗಳು ಬಳಕೆಯಲ್ಲಿ ಸರಿಹೋಗುತ್ತವೆ.

ಸೀಟಿನ ತಳಕ್ಕೆ ತೆಳು ಕ್ಯಾನ್ವಾಸಿನ ಧೂಳು ಪರದೆ ಕಟ್ಟಿ, ಸರಿಯುವ ಪಟ್ಟಿಗಳಿಗೆ ಗ್ರೀಸು ಹಚ್ಚಿ, ಬೋಲ್ಟುಗಳಿಗೆ ಸ್ಪ್ರಿಂಗ್ ವಾಷರ್ ಹಾಕಿ ಬಿಗಿಯಿರಿ. ಸೀಟಿನ ಕೆಳಗೆ ಜ್ಯಾಕು, ಪಾನಾ ಇಡುವ ರೂಢಿಯಿದ್ದರೆ ಅವನ್ನು ದಪ್ಪ ಚೀಲದಲ್ಲಿ ಕಟ್ಟಿಡಿ. ಕೆಲವು ವಾರ ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ಪರದೆಯ ಒಂದು ಮೂಲೆ ಬಿಚ್ಚಿ, ಒಳಗೆ ಕೈಯಾಡಿಸಿ ಹುರಿಯ ಗಂಟುಗಳು ಸಡಿಲವಾಗಿವೆಯೇ ಎಂದು ನೋಡಿ; ಸಡಿಲವಾಗಿದ್ದರೆ ಹೊದಿಕೆ ಬಿಚ್ಚದೆ ಕೆಳಗಿನಿಂದಲೇ ಮತ್ತೆ ಬಿಗಿಯಬಹುದು.